ಸರ್ಕಾರಕ್ಕೆ ಬಹುಮತ ಇಲ್ಲದಿದ್ದರೆ ನನ್ನ ಸ್ಕೂಟರ್ ಸಬ್ಸಿಡಿ ಹೋಗುತ್ತದಾ?

ಪ್ರಶ್ನೆ: ನಾನು ಹಾಸನದವನು. ಎಲೆಕ್ಟ್ರಿಕ್ ಸ್ಕೂಟರ್ ತಗೋಬೇಕು ಅಂತ ಒಂದು ವರ್ಷದಿಂದ ಯೋಚನೆ ಮಾಡುತ್ತಿದ್ದೇನೆ. ದೆಹಲಿಯಲ್ಲಿ ಈಗ ಯಾರಿಗೂ ಸ್ವಂತ ಬಹುಮತ ಇಲ್ಲ. ಕೆನಡಾದಲ್ಲಿರುವ ನನ್ನ ಭಾಮೈದ ಬೇರೆ, ಅಲ್ಲೂ ಅಲ್ಪಮತದ ಸರ್ಕಾರ ಬಂದ ಮೇಲೆ ಇವಿ (ಎಲೆಕ್ಟ್ರಿಕ್ ವಾಹನ) ನಿಯಮ ಉಲ್ಟಾ ಆಯಿತು ಅಂತ ಹೆದರಿಸುತ್ತಾನೆ. ಇಲ್ಲೂ ವಿರೋಧ ಪಕ್ಷದವರು ಗಲಾಟೆ ಮಾಡಿದರೆ ಸಬ್ಸಿಡಿ ನಿಂತುಹೋಗುತ್ತದಾ? ಕಾಯಲಾ, ತಗೊಳ್ಳಲಾ?

ಉತ್ತರ: ಬೇರೆ ಬೇರೆ ಮಾತಲ್ಲಿ ಇದೇ ಪ್ರಶ್ನೆಯನ್ನು ಬಹಳ ಜನ ಕೇಳುತ್ತಾರೆ. ಇಲ್ಲ, ಗಲಾಟೆಯಿಂದ ಸಬ್ಸಿಡಿ ನಿಲ್ಲುವುದಿಲ್ಲ. ಆದರೆ ಅಷ್ಟಕ್ಕೇ ಸಮಾಧಾನಪಡಬೇಡಿ. ಗಲಾಟೆಯೇ ಇಲ್ಲದೆ, ಸದ್ದಿಲ್ಲದೆ ನಿಲ್ಲಬಹುದು. ಇಲ್ಲಿಯವರೆಗೆ ಹೆಚ್ಚಾಗಿ ಆಗಿರುವುದೇ ಹಾಗೆ.

ಮೊದಲು ಒಂದು ಮಾತು ಸರಿಮಾಡಿಕೊಳ್ಳೋಣ. 2024ರಲ್ಲಿ ಬಂದ ದೆಹಲಿ ಸರ್ಕಾರ ಅಲ್ಪಮತದ್ದಲ್ಲ, ಮೈತ್ರಿ ಸರ್ಕಾರ. ಬಹುಮತಕ್ಕೆ 272 ಬೇಕು. ಬಿಜೆಪಿಗೆ ಸಿಕ್ಕಿದ್ದು 240. ಮಿತ್ರಪಕ್ಷಗಳನ್ನು ಸೇರಿಸಿದರೆ 293. ಆ ಮಿತ್ರರಲ್ಲಿ ಜೆಡಿಎಸ್‌ನದು ಎರಡೇ ಸೀಟು, ಮಂಡ್ಯ ಮತ್ತು ಕೋಲಾರ. ಹಾಸನದಲ್ಲಿ ಅವರು ಆ ಚುನಾವಣೆಯಲ್ಲಿ ಕಾಂಗ್ರೆಸ್ ಎದುರು ಸೋತರು, ನಿಮಗೆ ಹೇಳಬೇಕಾಗಿಲ್ಲ. ತಮಾಷೆ ಏನಂದರೆ, ಇವಿ ಸಬ್ಸಿಡಿ ಕೊಡುವುದು ಕೇಂದ್ರದ ಬೃಹತ್ ಕೈಗಾರಿಕೆ ಇಲಾಖೆ, ಮತ್ತು 2024ರ ಜೂನ್‌ನಲ್ಲಿ ಆ ಇಲಾಖೆ ಸಿಕ್ಕಿದ್ದು ಹೊಳೆನರಸೀಪುರ ತಾಲ್ಲೂಕಿನ ಹರದನಹಳ್ಳಿಯಲ್ಲಿ ಹುಟ್ಟಿದ ಕುಮಾರಸ್ವಾಮಿ ಅವರಿಗೆ. ಅಂದರೆ ನಿಮ್ಮ ಸ್ಕೂಟರಿನ ಕಡತ ಸುತ್ತಿ ಸುತ್ತಿ ನಿಮ್ಮ ಜಿಲ್ಲೆಯವರ ಮೇಜಿಗೇ ಬಂದಿತ್ತು.

ಅಸಲಿ ಅಲ್ಪಮತದ ಸರ್ಕಾರ ಹೇಗಿರುತ್ತದೆ ಅಂತ ಹಾಸನದವರಿಗೆ ಹೊರಗಿನವರು ಪಾಠ ಮಾಡಬೇಕಿಲ್ಲ. 1996ರ ಜೂನ್ 1ರಂದು ದೇವೇಗೌಡರು ಪ್ರಧಾನಿಯಾದರು. ಕಾಂಗ್ರೆಸ್ ಸರ್ಕಾರದೊಳಗೆ ಇರಲಿಲ್ಲ, ಹೊರಗಿನಿಂದ ಬೆಂಬಲ ಕೊಟ್ಟಿತ್ತು. ಬೆಂಬಲ ಕೊಟ್ಟವರೇ ಕೈ ಎತ್ತಿದರು. 1997ರ ಏಪ್ರಿಲ್ 11ರಂದು ವಿಶ್ವಾಸಮತದಲ್ಲಿ ಪರವಾಗಿ 158, ವಿರುದ್ಧ 292. ಸರ್ಕಾರ ಬಿತ್ತು.

ಆದರೆ ಆ ಕಥೆಯ ಇನ್ನೊಂದು ಅರ್ಧವನ್ನು ಯಾರೂ ಹೇಳುವುದಿಲ್ಲ. ಸರ್ಕಾರ ಬೀಳುವ ಆರು ವಾರ ಮುಂಚೆ, ಫೆಬ್ರವರಿ 28ಕ್ಕೆ, ಹಣಕಾಸು ಮಂತ್ರಿ ಚಿದಂಬರಂ ಒಂದು ಬಜೆಟ್ ಮಂಡಿಸಿದ್ದರು. ಆದಾಯ ತೆರಿಗೆಯ ಗರಿಷ್ಠ ದರವನ್ನು ಶೇ 40ರಿಂದ 30ಕ್ಕೆ ಇಳಿಸಿದ ಬಜೆಟ್ ಅದು. ಮಂಡಿಸಿದ ಸರ್ಕಾರವೇ ಮನೆಗೆ ಹೋಯಿತು. ಬಜೆಟ್ ಮಾತ್ರ ಹೋಗಲಿಲ್ಲ, ಅವರ ನಂತರ ಪ್ರಧಾನಿಯಾದ ಗುಜ್ರಾಲ್ ಕಾಲದಲ್ಲಿ ಪಾಸಾಯಿತು. ಕುರ್ಚಿ ಅಲ್ಲಾಡಿದ ಮಾತ್ರಕ್ಕೆ ನೀತಿಯೂ ಅಲ್ಲಾಡಬೇಕು ಅಂತೇನಿಲ್ಲ.

ಈಗ ನಿಮ್ಮ ಭಾಮೈದನ ಕೆನಡಾಕ್ಕೆ ಬರೋಣ. ಅವನು ಹೇಳಿದ್ದರಲ್ಲಿ ಅರ್ಧ ಸತ್ಯ ಇದೆ. 2021ರ ಚುನಾವಣೆಯಲ್ಲಿ ಪ್ರಧಾನಿ ಟ್ರುಡೊ ಅವರ ಲಿಬರಲ್ ಪಕ್ಷಕ್ಕೆ 338ರಲ್ಲಿ 160 ಸೀಟು ಬಂದವು. ಅಲ್ಪಮತ. 2022ರ ಮಾರ್ಚ್‌ನಲ್ಲಿ ಎನ್‌ಡಿಪಿ ಎಂಬ ಸಣ್ಣ ಪಕ್ಷದ ಜೊತೆ ಒಪ್ಪಂದ ಮಾಡಿಕೊಂಡರು: ನಿಮಗೆ ಮಂತ್ರಿಗಿರಿ ಇಲ್ಲ, ಆದರೆ ನಿಮ್ಮ ಒಂದಷ್ಟು ಬೇಡಿಕೆ ನಾವು ಈಡೇರಿಸುತ್ತೇವೆ, ಬಜೆಟ್ ಬಂದಾಗ ನೀವು ನಮ್ಮ ಕೈ ಬಿಡಬೇಡಿ. ನಮ್ಮ ಹೊರಗಿನ ಬೆಂಬಲದ ಹಾಗೇ, ಆದರೆ ಬರವಣಿಗೆಯಲ್ಲಿ. ಆ ಅಲ್ಪಮತದ ಸರ್ಕಾರವೇ 2023ರ ಡಿಸೆಂಬರ್‌ನಲ್ಲಿ ಇವಿ ನಿಯಮ ತಂದಿತು. ಹೊಸದಾಗಿ ಮಾರುವ ಕಾರುಗಳಲ್ಲಿ 2026ಕ್ಕೆ ಶೇ 20, 2030ಕ್ಕೆ ಶೇ 60, 2035ಕ್ಕೆ ಶೇ 100 ಎಲೆಕ್ಟ್ರಿಕ್ ಅಥವಾ ಪ್ಲಗ್ ಹಾಕುವ ಹೈಬ್ರಿಡ್ ಇರಬೇಕು ಅಂತ. ಅಂದರೆ ಬಹುಮತ ಇಲ್ಲದಿದ್ದರೂ ಇಷ್ಟು ದೊಡ್ಡ ನಿಯಮ ಬಂತು. ಹೇಗೆ? ಸಂಸತ್ತಿನಲ್ಲಿ ಹೊಸ ಕಾಯ್ದೆ ಮಾಡಲಿಲ್ಲ. 1999ರ ಪರಿಸರ ಕಾಯ್ದೆಯ ಕೆಳಗೆ ಸಂಪುಟವೇ ನಿಯಮ ಬರೆಯಿತು.

ನಿಂತಿದ್ದು ಇನ್ನೂ ಸ್ವಾರಸ್ಯ. ಅಲ್ಲಿ ಇವಿ ಕೊಳ್ಳುವವರಿಗೆ ಕೇಂದ್ರದಿಂದ 5,000 ಡಾಲರ್‌ವರೆಗೆ ಸಬ್ಸಿಡಿ ಇತ್ತು. 2025ರ ಜನವರಿಯಲ್ಲಿ ಅದನ್ನು ನಿಲ್ಲಿಸಿದರು. ಕಾರಣ ಇಟ್ಟಿದ್ದ ದುಡ್ಡು ಖಾಲಿ. ಆ ಹೊತ್ತಿಗೆ ಟ್ರುಡೊ ರಾಜೀನಾಮೆ ಘೋಷಿಸಿ, ಸಂಸತ್ತಿನ ಅಧಿವೇಶನವನ್ನೇ ಮುಗಿಸಿದ್ದರು. ಸದನದ ಬಾಗಿಲು ಹಾಕಿದ್ದಾಗ ಸಬ್ಸಿಡಿ ಹೋಯಿತು! ಒಬ್ಬ ಸಂಸದನೂ ಕೈ ಎತ್ತಬೇಕಾಗಲಿಲ್ಲ.

ಏಪ್ರಿಲ್‌ನಲ್ಲಿ ಚುನಾವಣೆ ಆಯಿತು. ಟ್ರುಡೊ ನಂತರ ಪ್ರಧಾನಿಯಾದ ಕಾರ್ನಿ ಅವರ ಲಿಬರಲ್ ಪಕ್ಷಕ್ಕೆ 343ರಲ್ಲಿ 169, ಬಹುಮತಕ್ಕೆ ಮೂರು ಕಮ್ಮಿ. ಜೂನ್‌ನಲ್ಲಿ ವಿರೋಧ ಪಕ್ಷವಾದ ಕನ್ಸರ್ವೇಟಿವ್‌ನವರು ಇವಿ ನಿಯಮ ಕೈಬಿಡಿ ಅಂತ ನಿರ್ಣಯ ತಂದರು. ಸೋತರು. ಸೆಪ್ಟೆಂಬರ್ 5ಕ್ಕೆ ಏನಾಯಿತು ಗೊತ್ತಾ, ಆ ನಿರ್ಣಯವನ್ನು ಸೋಲಿಸಿದ ಸರ್ಕಾರವೇ 2026ರ ಗುರಿಯನ್ನು ತಡೆಹಿಡಿದು, ಇಡೀ ನಿಯಮವನ್ನು ಮತ್ತೆ ಪರಿಶೀಲಿಸುತ್ತೇವೆ ಅಂದಿತು. ಅಮೆರಿಕ ಕಾರುಗಳ ಮೇಲೆ ಸುಂಕ ಹೇರಿತ್ತು, ಕಾರು ಕಂಪನಿಗಳು ಮೇಲಿಂದ ಮೇಲೆ ಒತ್ತಾಯ ಮಾಡುತ್ತಿದ್ದವು. ವಿರೋಧ ಪಕ್ಷದ ಪಾತ್ರ ಏನೂ ಇಲ್ಲ ಅಂತ ನಾನು ಹೇಳುವುದಿಲ್ಲ. ವರ್ಷಗಟ್ಟಲೆ ಅವರು ಊದಿದ ಬೆಂಕಿಯ ಕಾವು ಸರ್ಕಾರಕ್ಕೂ ತಟ್ಟಿರುತ್ತದೆ. ಆದರೆ ಮತ ಹಾಕಿ ಗೆದ್ದು ನಿಲ್ಲಿಸಿದ್ದು ಅಲ್ಲ.

ನಮ್ಮಲ್ಲಿ ಇದಕ್ಕಿಂತ ಒಂದು ಕೈ ಜಾಸ್ತಿ. ಲೆಕ್ಕ ನೋಡಿ. ಸಬ್ಸಿಡಿ ಬ್ಯಾಟರಿಯ ಅಳತೆ ಮೇಲೆ, ಕಿಲೋವಾಟ್ ಅವರ್‌ಗೆ ಇಷ್ಟು ಅಂತ. ಗಾಬರಿಯಾಗಬೇಡಿ, ಅದು ನಿಮ್ಮ ಕರೆಂಟ್ ಬಿಲ್ಲಿನ ಒಂದು ಯೂನಿಟ್, ಅಷ್ಟೇ. 2021ರ ಜೂನ್‌ನಲ್ಲಿ ಸ್ಕೂಟರಿಗೆ ಯೂನಿಟ್‌ಗೆ 15,000 ರೂಪಾಯಿ ಮಾಡಿದರು. ಮೂರು ಯೂನಿಟ್ ಬ್ಯಾಟರಿ ಅಂದರೆ 45,000, ಗಾಡಿ ಬೆಲೆಯ ಶೇ 40 ಮೀರುವಂತಿರಲಿಲ್ಲ. 2023ರ ಜೂನ್ 1ರಿಂದ ಯೂನಿಟ್‌ಗೆ 10,000, ಅದೂ ಬೆಲೆಯ ಶೇ 15ರೊಳಗೆ. 2024ರ ಏಪ್ರಿಲ್‌ನಿಂದ 5,000, ಒಂದು ಗಾಡಿಗೆ ಹೆಚ್ಚೆಂದರೆ 10,000. ಆ ಅಕ್ಟೋಬರ್‌ನಲ್ಲಿ ಪಿಎಂ ಇ-ಡ್ರೈವ್ ಅಂತ 10,900 ಕೋಟಿಯ ಹೊಸ ಯೋಜನೆ ಬಂತು, ದರ ಅದೇ. 2025ರ ಏಪ್ರಿಲ್‌ನಿಂದ 2,500, ಗಾಡಿಗೆ ಹೆಚ್ಚೆಂದರೆ 5,000. ಆ ಆಗಸ್ಟ್‌ನಲ್ಲಿ ಯೋಜನೆಯನ್ನು 2028ರ ಮಾರ್ಚ್‌ವರೆಗೆ ಎಳೆದರು ನಿಜ, ಆದರೆ ಸ್ಕೂಟರ್ ಸಬ್ಸಿಡಿಯ ಕೊನೆ ದಿನ 2026ರ ಮಾರ್ಚ್ 31 ಅಂತಲೇ ಬರೆದರು.

ಇದರಲ್ಲಿ ದೊಡ್ಡ ಪೆಟ್ಟು ಬಿದ್ದದ್ದು ಯಾವಾಗ? 2023ರಲ್ಲಿ. ಆಗ ಬಿಜೆಪಿಗೆ 2019ರ ಚುನಾವಣೆಯಲ್ಲಿ ಗೆದ್ದ 303 ಸೀಟಿನ ಸ್ವಂತ ಬಹುಮತ. ಯಾರ ಹಂಗೂ ಇರಲಿಲ್ಲ. ಸಬ್ಸಿಡಿ ಕಡಿಮೆ ಮಾಡಿ ಅಂತ ವಿರೋಧ ಪಕ್ಷ ಕೇಳಿಯೂ ಇರಲಿಲ್ಲ. ಬದಲಿಗೆ ಎಲ್ಲ ಪಕ್ಷದವರೂ ಇರುವ ಸಂಸತ್ತಿನ ಸ್ಥಾಯಿ ಸಮಿತಿ, ಆಗ ಈ ಸಬ್ಸಿಡಿ ಕೊಡುತ್ತಿದ್ದ ಹಳೇ ಫೇಮ್ ಯೋಜನೆಯನ್ನು ಇನ್ನೂ ಮೂರು ವರ್ಷ ಮುಂದುವರಿಸಿ ಅಂತ 2023ರ ಕೊನೆಗೆ ಶಿಫಾರಸು ಮಾಡಿತು. 2024ರ ಮಾರ್ಚ್‌ಗೆ ಅದು ಮುಗಿದೇಹೋಯಿತು. ನಮ್ಮಲ್ಲಿ ಸಬ್ಸಿಡಿ ಒಂದು ಅಧಿಸೂಚನೆ. ಗೆಜೆಟ್‌ನಲ್ಲಿ ಎರಡು ಪುಟ ಅಚ್ಚಾದರೆ ದರ ಬದಲು.

ಹಾಗಾದರೆ ಸದನಕ್ಕೆ ಕೈಯೇ ಇಲ್ಲವಾ ಅಂತ ಕೇಳುತ್ತೀರಿ. ಇದೆ, ದುಡ್ಡಿನ ಮೇಲೆ. ಇಲಾಖೆಯ ಅನುದಾನ ಬೇಡಿಕೆ ಲೋಕಸಭೆಗೆ ಬಂದಾಗ ಯಾವುದೇ ಸದಸ್ಯ ಕಡಿತ ನಿರ್ಣಯ ತರಬಹುದು. ನೀತಿಯೇ ಒಪ್ಪಿಗೆ ಇಲ್ಲ ಅಂದರೆ "ಬೇಡಿಕೆಯನ್ನು ಒಂದು ರೂಪಾಯಿಗೆ ಇಳಿಸಿ" ಅಂತ ಬರೆಯುತ್ತಾರೆ. ಕೇಳೋಕೆ ಚೆನ್ನಾಗಿದೆ. ಆದರೆ ಅದು ಗೆದ್ದರೆ ಸರ್ಕಾರಕ್ಕೆ ಬಹುಮತ ಇಲ್ಲ ಅಂತಲೇ ಅರ್ಥ, ಆಮೇಲೆ ಸ್ಕೂಟರ್ ವಿಷಯ ಯಾರಿಗೆ ಬೇಕು? ಇನ್ನು ಹೆಚ್ಚಿನ ಇಲಾಖೆಗಳ ಬೇಡಿಕೆಗಳು ಕೊನೇ ದಿನ ಚರ್ಚೆಯೇ ಇಲ್ಲದೆ ಒಟ್ಟಿಗೆ ಪಾಸಾಗುತ್ತವೆ. ಅದಕ್ಕೆ ಗಿಲೊಟಿನ್ ಅನ್ನುತ್ತಾರೆ, ತಲೆ ಕತ್ತರಿಸುವ ಯಂತ್ರದ ಹೆಸರು, ಸರಿಯಾಗೇ ಇದೆ.

ಸದನ ಬೇಕೇ ಬೇಕಾಗುವುದು ತೆರಿಗೆಗೆ. 2024ರಲ್ಲಿ ನಮ್ಮ ರಾಜ್ಯ 25 ಲಕ್ಷಕ್ಕಿಂತ ದುಬಾರಿ ಇವಿಗಳ ಮೇಲೆ ಶೇ 10ರ ಜೀವಿತಾವಧಿ ತೆರಿಗೆ ಹಾಕಿತಲ್ಲ, ಅದಕ್ಕೆ ವಿಧಾನಮಂಡಲದಲ್ಲಿ ತಿದ್ದುಪಡಿ ಮಸೂದೆ ತರಲೇಬೇಕಾಯಿತು. 2017ರಲ್ಲೇ ದೇಶದಲ್ಲಿ ಮೊದಲು ಇವಿ ನೀತಿ ತಂದ ರಾಜ್ಯ ಇದು. ಕಾಂಗ್ರೆಸ್ 135 ಸೀಟು ಗೆದ್ದು ಬಂದಿತ್ತು, ಹಾಗಾಗಿ ಮಸೂದೆ ಸಲೀಸಾಗಿ ಪಾಸಾಯಿತು. ಅಲ್ಪಮತದ ಸರ್ಕಾರವಾಗಿದ್ದರೆ ಇಂಥ ಕಡೆ ವಿರೋಧ ಪಕ್ಷದ ಮಾತಿಗೆ ತೂಕ ಬರುತ್ತಿತ್ತು.

ಇನ್ನೊಂದು ಜಾಗ ಜಿಎಸ್‌ಟಿ ಮಂಡಳಿ. ಅಲ್ಲಿ ಕೇಂದ್ರದ ಮತಕ್ಕೆ ಮೂರನೇ ಒಂದು ತೂಕ, ರಾಜ್ಯಗಳಿಗೆ ಉಳಿದ ಎರಡು ಪಾಲು, ತೀರ್ಮಾನಕ್ಕೆ ನಾಲ್ಕರಲ್ಲಿ ಮೂರು ಪಾಲು ಬೇಕು. ದೆಹಲಿಯಲ್ಲಿ ವಿರೋಧ ಪಕ್ಷ ಆದವರು ಅಲ್ಲಿ ರಾಜ್ಯದ ಮಂತ್ರಿಗಳಾಗಿ ಕೂತಿರುತ್ತಾರೆ. ಇವಿ ಮೇಲೆ 2019ರ ಆಗಸ್ಟ್‌ನಿಂದ ಶೇ 5 ಇದೆ. ಆದರೆ 2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಪೆಟ್ರೋಲ್ ಬೈಕು, ಸ್ಕೂಟರಿಗೆ ಶೇ 28 ಇದ್ದದ್ದು 18 ಆಯಿತು. ಇವಿಯನ್ನು ಮುಟ್ಟದೇನೇ ಪಕ್ಕದ ಗಾಡಿಯನ್ನು ಅಗ್ಗ ಮಾಡಿದರು. ನನ್ನ ಪ್ರಕಾರ ಸ್ಕೂಟರ್ ಕೊಳ್ಳುವವನಿಗೆ 5,000 ಸಬ್ಸಿಡಿ ಇದೆಯಾ ಇಲ್ಲವಾ ಅನ್ನುವುದಕ್ಕಿಂತ ಇದು ದೊಡ್ಡ ಬದಲಾವಣೆ.

ಕಾಯಲಾ ಅಂದರೆ, ಬೇಡ. 2021ರಿಂದ 2025ರವರೆಗೆ ದರ ಒಂದೇ ದಿಕ್ಕಿಗೆ ಹೋಗಿದೆ, ಕೆಳಕ್ಕೆ. ಸಬ್ಸಿಡಿ ಸೊನ್ನೆ ಅಂತಲೇ ಲೆಕ್ಕ ಹಾಕಿ. ಆಗಲೂ ನಿಮ್ಮ ಓಡಾಟಕ್ಕೆ ಲಾಭ ಅನಿಸಿದರೆ ತಗೊಳ್ಳಿ. ದಿನಾ ಹಾಸನ ಪೇಟೆಯೊಳಗೆ ಮೂವತ್ತು ಕಿಲೋಮೀಟರ್ ಓಡಿಸುವವರಿಗೆ ಸರಿ. ಮಳೆಗಾಲದಲ್ಲಿ ಸಕಲೇಶಪುರದ ಆಚೆ ತೋಟಕ್ಕೆ ಹೋಗಿ, ಎರಡು ದಿನ ಕರೆಂಟ್ ಇಲ್ಲದ ಮನೆಯಲ್ಲಿ ಚಾರ್ಜ್ ಹಾಕುತ್ತೇನೆ ಅನ್ನುವವರು ಇನ್ನೊಮ್ಮೆ ಯೋಚಿಸಿ.

ಕೊನೆಗೆ, ನಾನು ಪೆಟ್ಟು ತಿಂದು ಕಲಿತದ್ದು. 2023ರ ಮೇ ತಿಂಗಳಲ್ಲಿ ನಾನೂ ಒಂದು ಸ್ಕೂಟರ್ ಬುಕ್ ಮಾಡಿದೆ. ವಿಧಾನಸಭೆ ಫಲಿತಾಂಶದ ಗದ್ದಲ, ಮುಖ್ಯಮಂತ್ರಿ ಯಾರು ಅಂತ ಊರೆಲ್ಲ ಬೆಟ್ಟಿಂಗ್. ದೆಹಲಿಯ ಅಧಿಸೂಚನೆ ಮೇ 19ರದ್ದು, ಇಲ್ಲಿ ಪ್ರಮಾಣವಚನದ ಹಿಂದಿನ ದಿನ. ಯಾರು ನೋಡುತ್ತಾರೆ? ಶೋರೂಮಿನವರು "ನೀವು ಬುಕ್ ಮಾಡಿದ್ದೀರಲ್ಲ ಸಾರ್, ಹಳೇ ರೇಟೇ" ಅಂದರು. ಗಾಡಿ ಬಂದದ್ದು ಜೂನ್ ಎರಡನೇ ವಾರ. ಕಾಗದದಲ್ಲಿ ಇದ್ದದ್ದು ಜೂನ್ 1ರಂದು ಅಥವಾ ನಂತರ "ನೋಂದಣಿ" ಆದ ಗಾಡಿಗಳಿಗೆ ಹೊಸ ದರ ಅಂತ. ಬುಕಿಂಗ್ ರಸೀದಿ ಜೇಬಲ್ಲೇ ಉಳಿಯಿತು, ವ್ಯತ್ಯಾಸದ ದುಡ್ಡು ಜೇಬಿಂದ ಹೋಯಿತು. ಶೋರೂಮಿಗೆ ಹೋದಾಗ ಬಣ್ಣ ಆರಿಸುವ ಮುಂಚೆ ಗಾಡಿ ಯಾವ ದಿನ ನೋಂದಣಿ ಆಗುತ್ತದೆ ಅಂತ ಕೇಳಿ, ಸಾಧ್ಯವಾದರೆ ಬರೆಸಿಕೊಳ್ಳಿ.