ಪದ ಪರಿಚಯ: ಲಾಕ್‌ಡೌನ್ ಪರಿಹಾರ

ಸಾಂಕ್ರಾಮಿಕ ರೋಗವನ್ನು ತಡೆಯಲು ಸರ್ಕಾರ ಅಂಗಡಿ, ಸಾರಿಗೆ, ಸಂತೆ, ಸಮಾರಂಭಗಳನ್ನು ನಿಲ್ಲಿಸಿದಾಗ, ಆ ಆದೇಶದಿಂದಾಗಿಯೇ ದುಡಿಮೆ ಕಳೆದುಕೊಂಡವರಿಗೆ ಕೊಡುವ ನಗದು, ಪಡಿತರ, ಸಾಲದ ಕಂತಿನ ಮುಂದೂಡಿಕೆ ಮೊದಲಾದ ನೆರವನ್ನು ಒಟ್ಟಾಗಿ ‘ಲಾಕ್‌ಡೌನ್ ಪರಿಹಾರ’ ಎಂದು ಕರೆಯಲಾಗುತ್ತದೆ. ಬರ ಪರಿಹಾರ, ನೆರೆ ಪರಿಹಾರಗಳ ಸಾಲಿನಲ್ಲಿ ಇದನ್ನೂ ಸೇರಿಸುವ ರೂಢಿಯಿದ್ದರೂ ಒಂದು ಮುಖ್ಯ ವ್ಯತ್ಯಾಸವಿದೆ. ಬರ, ನೆರೆಗಳಲ್ಲಿ ನಷ್ಟಕ್ಕೆ ಕಾರಣ ಮಳೆ. ಇಲ್ಲಿ ಆಟೊ ಓಡಿಸಬೇಡ, ಕ್ಷೌರದಂಗಡಿ ತೆರೆಯಬೇಡ ಎಂದು ಹೇಳಿದ್ದು ಸರ್ಕಾರ. ಹೀಗಾಗಿ ಈ ನೆರವನ್ನು ದಯೆಯ ಬಾಬ್ತಿಗೆ ಸೇರಿಸುವುದು ಸರಿಯಲ್ಲವೆಂದು ನನ್ನ ಭಾವನೆ. ಮನೆಯಲ್ಲೇ ಇರಿ ಎಂಬ ಆದೇಶವನ್ನು ಜನ ಪಾಲಿಸಬೇಕಾದರೆ ಮನೆಯಲ್ಲಿ ಅಕ್ಕಿ ಇರಬೇಕು, ಬಾಡಿಗೆಗೆ ಹಣವಿರಬೇಕು. ಆ ಅರ್ಥದಲ್ಲಿ ಪರಿಹಾರವೂ ಮಾಸ್ಕ್, ಕ್ವಾರಂಟೈನ್‌ಗಳಂತೆ ರೋಗ ತಡೆಯುವ ಕ್ರಮದ ಒಂದು ಭಾಗವೇ.

ಮುಚ್ಚಿಸುವ ಅಧಿಕಾರ, ಪರಿಹಾರದ ಹೊಣೆ ಎರಡೂ ಕಾನೂನಿನಲ್ಲಿ ಒಂದೇ ಕಡೆ ಇವೆ. ಕೋವಿಡ್ ತಡೆಗೆ 2020ರ ಮಾರ್ಚ್ 25ರಿಂದ ದೇಶಾದ್ಯಂತ ಜಾರಿಗೆ ಬಂದ ಲಾಕ್‌ಡೌನ್‌ಗೆ ಆಧಾರವಾಗಿದ್ದು 2005ರ ವಿಪತ್ತು ನಿರ್ವಹಣಾ ಕಾಯ್ದೆ. ಅದೇ ಕಾಯ್ದೆಯ 12ನೇ ಸೆಕ್ಷನ್ ವಿಪತ್ತಿಗೆ ಸಿಲುಕಿದವರಿಗೆ ಕೊಡಬೇಕಾದ ಪರಿಹಾರದ ಕನಿಷ್ಠ ಮಾನದಂಡಗಳನ್ನು ರೂಪಿಸಬೇಕೆಂದು ಹೇಳುತ್ತದೆ. ಜೀವಹಾನಿಗೆ ಕೊಡುವ ನೆರವಿನ ಜೊತೆಗೆ ಜೀವನೋಪಾಯವನ್ನು ಮತ್ತೆ ಕಟ್ಟಿಕೊಳ್ಳಲು ಕೊಡುವ ನೆರವೂ ಅದರಲ್ಲಿ ಸೇರಿದೆ. 13ನೇ ಸೆಕ್ಷನ್ ಸಾಲ ಮರುಪಾವತಿಯಲ್ಲಿ ರಿಯಾಯಿತಿಗೆ ಅವಕಾಶ ಕೊಡುತ್ತದೆ. ಆದರೆ ಮುಚ್ಚಿಸುವ ಅಧಿಕಾರ ಒಂದೇ ರಾತ್ರಿಯಲ್ಲಿ ಚಲಾವಣೆಗೆ ಬಂದರೆ, ಪರಿಹಾರದ ಹೊಣೆ ಘೋಷಣೆಯಿಂದ ಘೋಷಣೆಗೆ ತುಂಡು ತುಂಡಾಗಿ ಬಂತು. ‘ಜೀವವೋ ಜೀವನವೋ’ ಎಂಬ ಚರ್ಚೆ ಆಗ ಎಲ್ಲೆಡೆ ನಡೆಯಿತು. ಎರಡನ್ನೂ ಒಂದೇ ಕಾಯ್ದೆಯಲ್ಲಿಟ್ಟವರಿಗೆ ಇವು ಬೇರೆ ಬೇರೆ ಎಂದು ಅನಿಸಿರಲಿಕ್ಕಿಲ್ಲ.

ಲಾಕ್‌ಡೌನ್ ಜಾರಿಯಾದ ಮರುದಿನ, ಅಂದರೆ ಮಾರ್ಚ್ 26ರಂದು, ಕೇಂದ್ರ ಸರ್ಕಾರ 1.70 ಲಕ್ಷ ಕೋಟಿ ರೂಪಾಯಿಯ ಗರೀಬ್ ಕಲ್ಯಾಣ ಪ್ಯಾಕೇಜ್ ಪ್ರಕಟಿಸಿತು. ಪಡಿತರ ಚೀಟಿಯಲ್ಲಿ ಹೆಸರಿದ್ದವರಿಗೆ ತಲಾ 5 ಕೆಜಿ ಹೆಚ್ಚುವರಿ ಅಕ್ಕಿ ಅಥವಾ ಗೋಧಿ, ಮಹಿಳೆಯರ ಜನಧನ ಖಾತೆಗೆ ಮೂರು ತಿಂಗಳ ಕಾಲ ತಿಂಗಳಿಗೆ 500 ರೂಪಾಯಿ ಅದರಲ್ಲಿದ್ದವು. ಮಾರ್ಚ್ 27ರಂದು ರಿಸರ್ವ್ ಬ್ಯಾಂಕ್ ಸಾಲದ ಕಂತುಗಳನ್ನು ಮೂರು ತಿಂಗಳು ಮುಂದೂಡಲು ಬ್ಯಾಂಕುಗಳಿಗೆ ಅನುಮತಿ ನೀಡಿ, ಮುಂದೆ ಅದನ್ನು ಆಗಸ್ಟ್ 31ರವರೆಗೆ ವಿಸ್ತರಿಸಿತು. ಕಂತು ನಿಂತರೂ ಬಡ್ಡಿ ನಿಲ್ಲಲಿಲ್ಲ ಎಂಬುದು ಅನೇಕರಿಗೆ ಅರ್ಥವಾಗಿದ್ದು ಬಹಳ ತಡವಾಗಿ.

ಕರ್ನಾಟಕದಲ್ಲಿ ಈ ಪದ ಮನೆಮಾತಾಗಿದ್ದು 2020ರ ಮೇ 6ರಂದು, ಆಗಿನ ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪ 1,610 ಕೋಟಿ ರೂಪಾಯಿಯ ಪ್ಯಾಕೇಜ್ ಘೋಷಿಸಿದಾಗ. ಅಗಸರಿಗೆ, ಕ್ಷೌರಿಕರಿಗೆ, ಆಟೊ ಮತ್ತು ಟ್ಯಾಕ್ಸಿ ಚಾಲಕರಿಗೆ ಒಂದು ಬಾರಿಗೆ 5,000 ರೂಪಾಯಿ. ಹೂ ಬೆಳೆಗಾರರಿಗೆ ಒಂದು ಹೆಕ್ಟೇರಿನ ಮಿತಿಯಲ್ಲಿ 25,000 ರೂಪಾಯಿ. ಕಟ್ಟಡ ಕಾರ್ಮಿಕರಿಗೆ ಮೊದಲು ಕೊಟ್ಟಿದ್ದ 2,000ದ ಮೇಲೆ ಇನ್ನೂ 3,000 ರೂಪಾಯಿ. ಬೆಂಗಳೂರಿನಲ್ಲಿ ಆಟೊಗಳು ಮತ್ತೆ ರಸ್ತೆಗಿಳಿದದ್ದು, ಕ್ಷೌರದಂಗಡಿಗಳು ಬಾಗಿಲು ತೆರೆದದ್ದು ಮೇ 19ರಂದು. ಮಾರ್ಚ್ 25ರಿಂದ ಮೇ 18ರವರೆಗೆ 55 ದಿನ. 5,000 ರೂಪಾಯಿಯನ್ನು ಅಷ್ಟು ದಿನಕ್ಕೆ ಹಂಚಿದರೆ ದಿನಕ್ಕೆ 91 ರೂಪಾಯಿಯೂ ತುಂಬುವುದಿಲ್ಲ. ಅದೇ ವರ್ಷ ರಾಜ್ಯದಲ್ಲಿ ಉದ್ಯೋಗ ಖಾತ್ರಿಯ ದಿನಗೂಲಿ 275 ರೂಪಾಯಿ ಇತ್ತು. ಸರ್ಕಾರವೇ ಒಬ್ಬ ಕೂಲಿಯ ಒಂದು ದಿನಕ್ಕೆ ಕಟ್ಟಿದ ಬೆಲೆಯ ಮೂರನೇ ಒಂದು ಭಾಗವಷ್ಟೇ, ಅದೂ ಒಬ್ಬರ ಲೆಕ್ಕದಲ್ಲಿ, ಇಡೀ ಮನೆಗೆ ಸಿಕ್ಕಿತು. ನಿರ್ಬಂಧ 21 ದಿನದಿಂದ ಶುರುವಾಗಿ ಕಂತು ಕಂತಾಗಿ ಬೆಳೆಯಿತು. ಪರಿಹಾರದ ಮೊತ್ತಕ್ಕೂ ನಿರ್ಬಂಧದ ಅವಧಿಗೂ ಸಂಬಂಧವೇ ಇರಲಿಲ್ಲ. ಸಮತೋಲನ ತಪ್ಪಿದ್ದು ಮುಖ್ಯವಾಗಿ ಇಲ್ಲಿ.

ಎರಡನೆಯ ತೊಡಕು ಪಟ್ಟಿಯದು. ಕಟ್ಟಡ ಕಾರ್ಮಿಕರಿಗೆ ಹಣ ಬೇಗ ಹೋದದ್ದಕ್ಕೆ ಕಾರಣವಿದೆ: 1996ರ ಕಾಯ್ದೆಗಳ ಪ್ರಕಾರ ಕಟ್ಟಡಗಳ ಮೇಲೆ ವಸೂಲಾಗುವ ಸೆಸ್ ಹಣ ಕಲ್ಯಾಣ ಮಂಡಳಿಯ ಬಳಿ ಇತ್ತು, ನೋಂದಾಯಿತರ ಹೆಸರು, ಬ್ಯಾಂಕ್ ಖಾತೆ ಮೊದಲೇ ದಾಖಲಾಗಿದ್ದವು. ಅಗಸರದ್ದಾಗಲಿ ಕ್ಷೌರಿಕರದ್ದಾಗಲಿ ಅಂಥ ಪಟ್ಟಿ ಇರಲಿಲ್ಲ. ತಾನು ಈ ವೃತ್ತಿಯವನೇ ಎಂದು ಸ್ಥಳೀಯ ಸಂಸ್ಥೆಯಿಂದ ಬರೆಸಿಕೊಂಡು ಬರಬೇಕಾಯಿತು. ಚಾಲಕರು ರಾಜ್ಯ ಸರ್ಕಾರದ ಆನ್‌ಲೈನ್ ಸೇವೆಗಳ ಸೇವಾ ಸಿಂಧು ಪೋರ್ಟಲ್‌ನಲ್ಲಿ ಅರ್ಜಿ ಹಾಕಬೇಕಿತ್ತು. ಆಧಾರ್, ಡಿಎಲ್, ಗಾಡಿ ನಂಬರ್ ಎಲ್ಲ ಇದ್ದು, ಬ್ಯಾಡ್ಜ್ ಇಲ್ಲವೆಂಬ ಕಾರಣಕ್ಕೆ ತೊಂದರೆಗೆ ಸಿಲುಕಿದವರಿದ್ದರು. ಮನೆಯಿಂದ ಹೊರಗೆ ಬರದಿರಲೆಂದು ಕೊಡುವ ಪರಿಹಾರಕ್ಕಾಗಿಯೇ ಜನ ಸೈಬರ್ ಸೆಂಟರ್‌ಗಳ ಮುಂದೆ ನಿಲ್ಲಬೇಕಾಗಿ ಬಂದರೆ ಅದು ತನ್ನ ಉದ್ದೇಶವನ್ನೇ ಸೋಲಿಸುತ್ತದೆ.

ಹೂವಿನ ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಕೋಲಾರ, ಚಿಕ್ಕಬಳ್ಳಾಪುರದ ಕಡೆ ಸೇವಂತಿಗೆ, ಗುಲಾಬಿ ಬೆಳೆಯುವವರಿಗೆ ಮದುವೆಯ ಕಾಲವೆಂದರೆ ಏಪ್ರಿಲ್, ಮೇ. ದೇವಸ್ಥಾನ ಮುಚ್ಚಿತು, ಮದುವೆ ನಿಂತಿತು, ಮಾರುಕಟ್ಟೆಯಲ್ಲಿ ಕೇಳುವವರಿಲ್ಲ. ರಾಗಿಯಂತೆ ಕಣಜಕ್ಕೆ ತುಂಬಿಡುವ ಬೆಳೆಯಲ್ಲ ಅದು. ಕೊಳ್ಳುವವರಿಲ್ಲದಿದ್ದರೂ ಗಿಡ ಉಳಿಸಿಕೊಳ್ಳಲು ಕೂಲಿ ಕೊಟ್ಟು ಹೂ ಕೀಳಿಸಿ ಎಸೆಯಬೇಕು. ಎಷ್ಟೋ ಮಂದಿ ಅರಳಿ ನಿಂತ ತೋಟವನ್ನೇ ಟ್ರ್ಯಾಕ್ಟರ್‌ನಿಂದ ಉತ್ತುಬಿಟ್ಟರು. ತರಕಾರಿ ಸಾಗಣೆಗೆ ನಿರ್ಬಂಧವಿಲ್ಲ, ಕೃಷಿಗೆ ತೊಂದರೆಯಿಲ್ಲ ಎಂಬ ಆದೇಶ ಕಾಗದದ ಮೇಲೆ ಸರಿಯಾಗಿಯೇ ಇತ್ತು. ಬೇಡಿಕೆಯೇ ಮುಚ್ಚಿಹೋದ ಬೆಳೆಗೆ ಅದರಿಂದ ಏನೂ ಒದಗಲಿಲ್ಲ. ಈ ಕಾರಣಕ್ಕೆ ಹೂ ಬೆಳೆಗಾರರನ್ನು ಪ್ಯಾಕೇಜಿನಲ್ಲಿ ಹೆಸರಿಸಿದ್ದು ಆ ವರ್ಷದ ಒಳ್ಳೆಯ ನಿರ್ಧಾರಗಳಲ್ಲೊಂದು.

ಪಟ್ಟಿಯಲ್ಲಿ ಎಲ್ಲಿಯೂ ಇಲ್ಲದವರು ವಲಸೆ ಕಾರ್ಮಿಕರು. ಪಡಿತರ ಚೀಟಿ ಬಿಹಾರದಲ್ಲಿ, ಕೆಲಸ ಬೆಂಗಳೂರಿನಲ್ಲಿ. ಮೇ 5ರಂದು ಮುಖ್ಯಮಂತ್ರಿಗಳು ಬಿಲ್ಡರ್‌ಗಳೊಂದಿಗೆ ಸಭೆ ನಡೆಸಿದ ಬಳಿಕ, ಅವರನ್ನು ಊರಿಗೆ ಕರೆದೊಯ್ಯುವ ಶ್ರಮಿಕ್ ರೈಲುಗಳು ಮರುದಿನದಿಂದ ಬೇಡವೆಂದು ರಾಜ್ಯ ಸರ್ಕಾರ ನೈಋತ್ಯ ರೈಲ್ವೆಗೆ ಪತ್ರ ಬರೆಯಿತು. ಕಾಮಗಾರಿ ಮತ್ತೆ ಶುರುವಾಗಲು ಆಳು ಬೇಕು ಎಂಬುದು ಕಾರಣ. ತೀವ್ರ ಟೀಕೆ ಬಂದ ಮೇಲೆ ಕೆಲವೇ ದಿನಗಳಲ್ಲಿ ಆ ನಿರ್ಧಾರವನ್ನು ಹಿಂಪಡೆಯಲಾಯಿತು. ಕೈಯಲ್ಲಿ ಹಣವಿಲ್ಲದವರನ್ನು ಊರಿಗೂ ಹೋಗಗೊಡದೆ ಹಿಡಿದಿಡುವುದನ್ನು ಆರ್ಥಿಕತೆಯ ಹೆಸರಿನಲ್ಲಿ ಸಮರ್ಥಿಸಲಾಗದು.

ಬ್ರಿಟನ್ ಹಿಡಿದ ದಾರಿ ಬೇರೆ. ಅಲ್ಲಿ ಲಾಕ್‌ಡೌನ್ ಘೋಷಣೆಯಾದದ್ದು 2020ರ ಮಾರ್ಚ್ 23ರಂದು. ಫರ್ಲೋ ಯೋಜನೆ ಅದಕ್ಕೂ ಮೊದಲೇ, ಮಾರ್ಚ್ 20ರಂದು ಪ್ರಕಟವಾಗಿತ್ತು. ಕೆಲಸದಿಂದ ತೆಗೆಯದೆ ಮನೆಯಲ್ಲಿ ಕೂರಿಸಿದ ನೌಕರನ ಸಂಬಳದ ಶೇ 80ರಷ್ಟನ್ನು, ತಿಂಗಳಿಗೆ 2,500 ಪೌಂಡ್ ಮಿತಿಯಲ್ಲಿ, ಸರ್ಕಾರ ಕೊಡುತ್ತಿತ್ತು. ನಿರ್ಬಂಧ ಮುಂದುವರಿದಂತೆ ಯೋಜನೆಯೂ ಮುಂದುವರಿದು 2021ರ ಸೆಪ್ಟೆಂಬರ್ 30ಕ್ಕೆ ಮುಗಿಯಿತು. ಸಂಬಳದ ದಾಖಲೆಗಳು ತೆರಿಗೆ ಇಲಾಖೆಯ ಕೈಯಲ್ಲಿ ಇದ್ದದ್ದರಿಂದ ಇದು ಸಾಧ್ಯವಾಯಿತು. ಬಹುಪಾಲು ದುಡಿಮೆ ಅಸಂಘಟಿತವಾಗಿರುವ ನಮ್ಮಲ್ಲಿ ಇದನ್ನು ಹಾಗೆಯೇ ತರುವುದು ಸುಲಭವಲ್ಲ. ಅದೇ ಬ್ರಿಟನ್ ಆಗಸ್ಟ್‌ನಲ್ಲಿ ಹೋಟೆಲ್ ಊಟಕ್ಕೆ ಅರ್ಧ ಬೆಲೆಯ ರಿಯಾಯಿತಿ ಕೊಟ್ಟು ಜನರನ್ನು ಹೊರಗೆ ಕರೆಯಿತು. ಸೋಂಕು ಹರಡಲು ಅದೂ ಕಾರಣವೆಂಬ ಟೀಕೆ ಎದುರಿಸಿತು. ಜನರನ್ನು ಮನೆಯಲ್ಲಿ ಉಳಿಸುವ ನೆರವಿಗೂ ಹೊರಗೆಳೆಯುವ ನೆರವಿಗೂ ಇರುವ ಅಂತರ ಇಲ್ಲಿ ಸ್ಪಷ್ಟವಾಗುತ್ತದೆ.

ಎರಡನೇ ಅಲೆಯ ಹೊತ್ತಿಗೆ ನಮ್ಮ ಪಟ್ಟಿ ಹಿಗ್ಗಿತು, ಮೊತ್ತ ಕುಗ್ಗಿತು. 2021ರ ಮೇ 19ರಂದು ಪ್ರಕಟವಾದ 1,250 ಕೋಟಿ ರೂಪಾಯಿಯ ಪ್ಯಾಕೇಜಿನಲ್ಲಿ ಟೈಲರ್, ಹಮಾಲಿ, ಚಿಂದಿ ಆಯುವವರು, ಮನೆಗೆಲಸದವರು, ಚಮ್ಮಾರರು ಸೇರಿದರು. ಅವರಿಗೆ 2,000 ರೂಪಾಯಿ. ಚಾಲಕರಿಗೆ 5,000 ಇದ್ದದ್ದು 3,000 ಆಯಿತು, ಹೂವಿಗೆ ಹೆಕ್ಟೇರಿಗೆ 25,000 ಇದ್ದದ್ದು 10,000 ಆಯಿತು. ಅದೇ ವರ್ಷದ ಜೂನ್ 30ರಂದು ಸುಪ್ರೀಂ ಕೋರ್ಟ್, 12ನೇ ಸೆಕ್ಷನ್ ಕಡ್ಡಾಯ ಸ್ವರೂಪದ್ದೆಂದು ಹೇಳಿ, ಕೋವಿಡ್‌ನಿಂದ ಸತ್ತವರ ಕುಟುಂಬಗಳಿಗೆ ನೆರವಿನ ಮಾರ್ಗಸೂಚಿ ರೂಪಿಸಲು ಆದೇಶಿಸಿತು. 50,000 ರೂಪಾಯಿಯ ಪರಿಹಾರ ಬಂದದ್ದು ಆ ಬಳಿಕ. ಅಸಂಘಟಿತ ಕಾರ್ಮಿಕರ ರಾಷ್ಟ್ರೀಯ ಪಟ್ಟಿಗಾಗಿ ಇ-ಶ್ರಮ್ ಪೋರ್ಟಲ್ ತೆರೆದದ್ದು ಆಗಸ್ಟ್ 26ರಂದು, ಎರಡನೇ ಅಲೆ ಇಳಿದ ಮೇಲೆ. 12ನೇ ಸೆಕ್ಷನ್ನಿನ ಜೀವನೋಪಾಯದ ಮಾತಿಗೆ, ದುಡಿಮೆ ನಿಂತ ದಿನಕ್ಕೆ ಇಷ್ಟು ಎಂಬ ಲೆಕ್ಕವನ್ನು ಈ ಪ್ಯಾಕೇಜುಗಳಲ್ಲಿ ಯಾವುದೂ ಕಟ್ಟಲಿಲ್ಲ.