ಹೊಳೆ ನಡುವಿನ ಊರಲ್ಲಿ ಜಮೀನು ತಗೋಬಹುದಾ?

ಪ್ರಶ್ನೆ: ನಾವು ಮೈಸೂರಿನವರು. ಶಿವನಸಮುದ್ರದ ಕಡೆ, ಕಾವೇರಿಯ ನಡುಗಡ್ಡೆಯ ಊರೊಂದರಲ್ಲಿ ಎರಡು ಎಕರೆ ಜಮೀನು ಮಾರಾಟಕ್ಕಿದೆ. ಬೆಲೆ ಸುತ್ತಮುತ್ತಲಿಗಿಂತ ಕಮ್ಮಿ. ನಮ್ಮ ಮನೆಯಲ್ಲಿ ಯಾರೂ ಬೇಸಾಯದವರಲ್ಲ. ತಗೋಬಹುದಾ? ಚಿಕ್ಕದೊಂದು ಮನೆ ಕಟ್ಟಿಕೊಂಡು ಹೋಗಿಬಂದು ಮಾಡಬಹುದಾ?

ಉತ್ತರ: ತಗೋಬಹುದು. ಬೇಸಾಯದವರಲ್ಲದವರು ಕೃಷಿ ಜಮೀನು ಕೊಳ್ಳುವುದಕ್ಕೆ ಮೊದಲು ಇದ್ದ ಅಡ್ಡಿ, ಭೂ ಸುಧಾರಣಾ ಕಾಯ್ದೆಗೆ 2020ರಲ್ಲಿ ಆದ ತಿದ್ದುಪಡಿಯಿಂದ ಸಡಿಲವಾಗಿದೆ. ಆದರೆ ಬೆಲೆ ಯಾಕೆ ಕಮ್ಮಿ ಅಂತ ತಿಳಿಯಬೇಕಾದರೆ ಮಾರುವವರು ಕರೆದ ದಿನ ಹೋಗಬೇಡಿ. ಅವರು ಕರೆಯುವುದು ಸಂಕ್ರಾಂತಿ ಆದಮೇಲೆ, ಬಂಡೆ ಬಂಡೆ ಕಾಣುವಾಗ. ನೀವು ಆಗಸ್ಟ್‌ನಲ್ಲಿ ಹೋಗಿ.

ಮೈಸೂರಿನವರಿಗೆ ಹೊಳೆ ಅಂದರೆ ಕೆಆರ್‌ಎಸ್. 124.80 ಅಡಿ ತುಂಬಿತಾ, ಎಷ್ಟು ಕ್ಯೂಸೆಕ್ ಬಿಟ್ಟರು, ಅಷ್ಟೇ ಕೇಳುತ್ತೇವೆ. ಶಿವನಸಮುದ್ರದ ಕಡೆಗೆ ಆ ಲೆಕ್ಕ ಸಾಲದು. ತಿರುಮಕೂಡಲು ನರಸೀಪುರದಲ್ಲಿ ಕಪಿಲೆ, ಅಂದರೆ ಕಬಿನಿ, ಬಂದು ಕಾವೇರಿಗೆ ಸೇರುತ್ತಾಳೆ. ಅಲ್ಲಿಂದ ಕೆಳಗಿನ ಊರುಗಳಿಗೆ ಬರುವುದು ಎರಡು ಅಣೆಕಟ್ಟಿನ ನೀರು. ವಯನಾಡಿನಲ್ಲಿ ಮಳೆ ಹಿಡಿದರೆ ಕಬಿನಿ ಬೇಗ ತುಂಬುತ್ತದೆ, ಸಾಮಾನ್ಯವಾಗಿ ಕೆಆರ್‌ಎಸ್‌ಗಿಂತ ಮೊದಲೇ. ಮೈಸೂರಿನಲ್ಲಿ ಬಿಸಿಲು ಕಾಯುತ್ತಿದ್ದರೂ ಅಲ್ಲಿ ಹೊಳೆ ಏರುತ್ತಿರಬಹುದು. ಎರಡೂ ಅಣೆಕಟ್ಟಿನಿಂದ ಒಟ್ಟಿಗೆ ಬಿಟ್ಟರಂತೂ ಕೇಳೋದೇ ಬೇಡ. 2018, 2019, 2024, ಈ ಮೂರೂ ವರ್ಷ ಮಳೆಗಾಲದಲ್ಲಿ ಕೊಳ್ಳೇಗಾಲ ತಾಲ್ಲೂಕಿನ ದಾಸನಪುರ, ಮುಳ್ಳೂರು, ಹಳೇ ಹಂಪಾಪುರ, ಹಳೇ ಅಣಗಳ್ಳಿ ಕಡೆ ನೀರು ನುಗ್ಗಿದ ಸುದ್ದಿ ನೀವೂ ಓದಿರುತ್ತೀರಿ. ಇವು ದಂಡೆಯ ಊರುಗಳು. ನಡುಗಡ್ಡೆಗೆ ಸುತ್ತಲೂ ದಂಡೆಯೇ, ಅಲ್ವಾ?

ಹಾಗಂತ ನಡುಗಡ್ಡೆಯೆಲ್ಲಾ ಮುಳುಗುತ್ತದೆ ಅಂತಲ್ಲ. ಶ್ರೀರಂಗಪಟ್ಟಣವೂ ನಡುಗಡ್ಡೆಯೇ. ಅಲ್ಲಿ ಒಂದು ರಾಜಧಾನಿಯೇ ಇತ್ತು, ಈಗಲೂ ಪೇಟೆ ಇದೆ, ರೈಲು ಇದೆ. ಒಂದೇ ನಡುಗಡ್ಡೆಯಲ್ಲಿ ಎತ್ತರದ ಜಾಗ ಒಣಗಿರುತ್ತದೆ, ತಗ್ಗಿನ ಗದ್ದೆ ಹೊಳೆಯ ಪಾಲಾಗುತ್ತದೆ. ಅದಕ್ಕೇ ನೀವು ನೋಡುತ್ತಿರುವ ಎರಡು ಎಕರೆ ಎಲ್ಲಿದೆ ಅನ್ನೋದೇ ಮುಖ್ಯ. ಇದನ್ನು ಮಾರುವವರನ್ನು ಕೇಳಿ ಪ್ರಯೋಜನವಿಲ್ಲ. ಪಕ್ಕದ ಹೊಲದವರನ್ನು ಕೇಳಿ: ‘2019ರಲ್ಲಿ ನೀರು ಎಲ್ಲಿಗಂಟ ಬಂದಿತ್ತು ಅಣ್ಣಾ?’ ಯಾವ ಮರ, ಯಾವ ಗೋಡೆ ಅಂತ ಕೈ ತೋರಿಸಿ ಹೇಳುತ್ತಾರೆ.

ಇನ್ನು ಗಡಿಯ ವಿಷಯ. ಇದನ್ನು ಹೊರಗಿನವರು ಲೆಕ್ಕಕ್ಕೇ ಇಟ್ಟುಕೊಳ್ಳುವುದಿಲ್ಲ. ಅಲ್ಲಿ ಕಾವೇರಿಯ ಒಂದು ದಂಡೆ ಮಂಡ್ಯ ಜಿಲ್ಲೆಯ ಮಳವಳ್ಳಿ ತಾಲ್ಲೂಕು. ಗಗನಚುಕ್ಕಿಯನ್ನು ನೋಡುವುದು ಈ ಕಡೆಯಿಂದ. 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ಕರೆಂಟು ಕಳಿಸಿದ ವಿದ್ಯುತ್ ಕೇಂದ್ರ ಇರುವುದೂ ಇಲ್ಲೇ. ಭರಚುಕ್ಕಿಯ ಕಡೆಗೆ ಹೋದರೆ ಚಾಮರಾಜನಗರ ಜಿಲ್ಲೆಯ ಕೊಳ್ಳೇಗಾಲ. ಈಗ ಇದು ಬರೀ ಜಿಲ್ಲೆಯ ಗಡಿ. 1956ರ ನವೆಂಬರ್ ಒಂದರವರೆಗೆ ರಾಜ್ಯದ ಗಡಿಯೇ ಆಗಿತ್ತು. ಕೊಳ್ಳೇಗಾಲ ಆಗ ಮದ್ರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಆಮೇಲೆ ಮೈಸೂರು ಜಿಲ್ಲೆಗೆ ಬಂತು, 1997ರಲ್ಲಿ ಚಾಮರಾಜನಗರ ಜಿಲ್ಲೆ ಆದಾಗ ಅಲ್ಲಿಗೆ ಹೋಯಿತು. ಹಾಗಾಗಿ ಜಮೀನಿನ ಮೂಲ ಹುಡುಕುತ್ತಾ ಹಿಂದಕ್ಕೆ ಹೋದರೆ ಯಾವ ಕಾಲದ ಕಾಗದ ಯಾವ ಊರಿನ ಕಚೇರಿಯಲ್ಲಿದೆ ಅನ್ನೋದೇ ಒಂದು ಕೆಲಸವಾಗುತ್ತದೆ. ಸಂತೆಗೆ, ಆಸ್ಪತ್ರೆಗೆ ಮಳವಳ್ಳಿ ಹತ್ತಿರ ಅನ್ನಿಸಿದರೂ ಪಹಣಿಯಲ್ಲಿ ಕೊಳ್ಳೇಗಾಲ ತಾಲ್ಲೂಕು ಅಂತಿದ್ದರೆ ಖಾತೆ, ಸರ್ವೆ, ನೆರೆ ಪರಿಹಾರದ ಅರ್ಜಿ ಎಲ್ಲಕ್ಕೂ ಕೊಳ್ಳೇಗಾಲಕ್ಕೇ ಅಲೆಯಬೇಕು. ಹೊಳೆ ದಾಟಿಸುವವರು ಯಾರು, ತಹಶೀಲ್ದಾರರು ಯಾರು ಅಂತ ಮೊದಲೇ ತಿಳಿದಿರಲಿ.

ಕಾಗದದಲ್ಲಿ ನಾಲ್ಕು ಕಡೆ ಕಣ್ಣಿಡಿ. ಪಹಣಿಯ 9ನೇ ಕಾಲಂನಲ್ಲಿ ಯಾರ ಹೆಸರಿದೆ, 11ರಲ್ಲಿ ಸಾಲ, ತಕರಾರು ಏನಿದೆ, ಇದನ್ನು ಎಲ್ಲರೂ ನೋಡುತ್ತಾರೆ. ಹೊಳೆ ಜಮೀನಿನಲ್ಲಿ 3ನೇ ಕಾಲಂ ಅದಕ್ಕಿಂತ ಮುಖ್ಯ. ಅಲ್ಲಿ ಖರಾಬು, ಅಂದರೆ ಬೇಸಾಯಕ್ಕೆ ಬಾರದ ಜಾಗ, ಎಷ್ಟು ಅಂತ ಬರೆದಿರುತ್ತದೆ. ಬಿ ಖರಾಬು ಅಂದರೆ ಹಳ್ಳ, ದಾರಿ ಇಂಥದ್ದು, ಅದು ಸಾರ್ವಜನಿಕರದ್ದು. ‘ಎರಡು ಎಕರೆ’ ಅಂತ ತೋರಿಸಿದ್ದರಲ್ಲಿ ಹೊಳೆ ತಂದು ಹಾಕಿದ ಮೆಕ್ಕಲು ಮಣ್ಣಿನ ಜಾಗವೂ ಸೇರಿರಬಹುದು. ಅದು ಉಳುವವರ ಕೈಯಲ್ಲಿ ಇರುತ್ತದೆ, ಬೆಳೆಯೂ ಚೆನ್ನಾಗಿ ಬರುತ್ತದೆ. ಆದರೆ ಪಹಣಿಯಲ್ಲಿ ಇಲ್ಲದ ಜಾಗಕ್ಕೆ ದುಡ್ಡು ಕೊಡಬೇಡಿ.

ನಾಲ್ಕನೆಯದು ಮಂಜೂರಾತಿ ಜಮೀನು. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಕೊಟ್ಟ ಜಮೀನನ್ನು ಸರ್ಕಾರದ ಅನುಮತಿ ಇಲ್ಲದೆ ಮಾರುವಂತಿಲ್ಲ. ಇದು 1978ರ ಕಾಯ್ದೆ, ಜನ ಪಿಟಿಸಿಎಲ್ ಅಂತಾರೆ. ಅಂಥ ಜಮೀನನ್ನು ವಾಪಸ್ ಕೇಳುವುದಕ್ಕೆ ಕಾಲಮಿತಿ ಇಲ್ಲ ಅಂತ 2023ರಲ್ಲಿ ತಿದ್ದುಪಡಿಯೂ ಆಗಿದೆ. ನಡುವೆ ಎಷ್ಟು ಕೈ ಬದಲಾಗಿದ್ದರೂ ಜಮೀನು ಮೂಲದವರಿಗೆ ಹೋಗಬಹುದು. ಹೋಗಬೇಕಾದ್ದೂ ಸರಿ. ಅದಕ್ಕೇ ಬರೀ ಋಣಭಾರ ಪತ್ರ ನೋಡಿ ಸುಮ್ಮನಾಗಬೇಡಿ, ಮೊದಲು ಯಾರಿಗೆ, ಹೇಗೆ ಬಂತು ಅನ್ನುವ ಮಂಜೂರಾತಿ ಕಾಗದವನ್ನೇ ಕೇಳಿ.

ಓಡಾಟಕ್ಕೆ ಬರೋಣ. ಮೈಸೂರಿನಿಂದ ನರಸೀಪುರದ ಮೇಲೆ ಹೋದರೆ ಎಪ್ಪತ್ತೈದು, ಎಂಬತ್ತು ಕಿಲೋಮೀಟರ್. ದೊಡ್ಡ ರಸ್ತೆವರೆಗೆ ತೊಂದರೆ ಇಲ್ಲ, ಬಸ್ಸೂ ಸಿಗುತ್ತದೆ. ತೊಂದರೆ ಇರುವುದು ಕೊನೆಯ ಎರಡು ಕಿಲೋಮೀಟರಿನಲ್ಲಿ. ಶಿವನಸಮುದ್ರದ ಹಳೆಯ ಕಲ್ಲಿನ ವೆಸ್ಲಿ ಸೇತುವೆ ಸುಮಾರು ಇನ್ನೂರು ವರ್ಷ ನಿಂತಿತ್ತು, 2018ರ ನೆರೆಯಲ್ಲಿ ಅದರ ಒಂದು ಭಾಗ ಕೊಚ್ಚಿಹೋಯಿತು. ಪಕ್ಕದಲ್ಲಿ ಹೊಸ ಸೇತುವೆ ಇದೆ, ಸರಿ. ಆದರೆ ಚಿಕ್ಕ ನಡುಗಡ್ಡೆಗಳಿಗೆ ಹೋಗುವ ತಗ್ಗಿನ ಸೇತುವೆಗಳ ಮೇಲೆ ಹೊಳೆ ಏರಿದಾಗ ನೀರು ಹರಿಯುತ್ತದೆ. ಆಗ ತೆಪ್ಪವೂ ಬಿಡುವುದಿಲ್ಲ, ಬಿಡಬಾರದು ಕೂಡ. ಅಲ್ಲೇ ಹುಟ್ಟಿದವರು ಮಳೆಗಾಲಕ್ಕೆ ಮುಂಚೆ ಅಕ್ಕಿ, ರಾಗಿ, ಮಾತ್ರೆ ತಂದಿಟ್ಟುಕೊಳ್ಳುತ್ತಾರೆ, ಬಸುರಿಯರನ್ನು ಆಚೆ ದಂಡೆಯ ನೆಂಟರ ಮನೆಗೆ ಕಳಿಸುತ್ತಾರೆ. ವಾರಕ್ಕೊಮ್ಮೆ ಬರುವ ನಿಮಗೆ ಆ ಅಭ್ಯಾಸ ಇರುವುದಿಲ್ಲ. ಶನಿವಾರ ಹೋಗಿ ಸೋಮವಾರ ಕೆಲಸಕ್ಕೆ ಬರುವ ಯೋಚನೆ ಇದ್ದರೆ ಜುಲೈಯಿಂದ ಸೆಪ್ಟೆಂಬರ್‌ವರೆಗೆ ಅದನ್ನು ಬಿಟ್ಟುಬಿಡಿ.

ಜಮೀನಿಗೆ ದಾರಿ ಇದೆಯಾ ಅನ್ನೋದನ್ನೂ ಗ್ರಾಮ ನಕ್ಷೆಯಲ್ಲೇ ನೋಡಬೇಕು. ‘ಎಲ್ಲರೂ ಹಿಂಗೇ ಓಡಾಡ್ತಾರೆ ಸಾರ್’ ಅನ್ನುವುದು ದಾರಿಯಲ್ಲ. ನಕ್ಷೆಯಲ್ಲಿ ಬಂಡಿ ದಾರಿ ಇದ್ದು ಯಾರಾದರೂ ಮುಚ್ಚಿದ್ದರೆ ತಹಶೀಲ್ದಾರರಿಗೆ ದೂರು ಕೊಡಬಹುದು. ನಕ್ಷೆಯಲ್ಲಿ ಇಲ್ಲದಿದ್ದರೆ ಪಕ್ಕದ ಹೊಲದವರ ಒಪ್ಪಿಗೆಯ ಮೇಲೆ ನಿಂತಿರುತ್ತೀರಿ.

ಮನೆ? ಕೃಷಿ ಜಮೀನಿನಲ್ಲಿ ಬೇಸಾಯಕ್ಕೆ ಅಂತ ತೋಟದ ಮನೆ ಕಟ್ಟಿಕೊಳ್ಳಲು ಅವಕಾಶ ಇದೆ, ಆದರೆ ಅದಕ್ಕೂ ವಿಸ್ತೀರ್ಣದ ಮಿತಿ ಇದೆ. ಹೋಂಸ್ಟೇ, ರೆಸಾರ್ಟ್ ಅಂದರೆ ಭೂ ಪರಿವರ್ತನೆ ಬೇಕು. ಹೊಳೆ ಪಕ್ಕ ಅದು ಸುಲಭವಲ್ಲ. ನಿಮ್ಮ ಮನಸ್ಸಿನಲ್ಲಿ ಹೋಂಸ್ಟೇ ಇದ್ದರೆ ಈ ಜಮೀನು ಬೇಡ ಅಂತಲೇ ಹೇಳುತ್ತೇನೆ. ನೀವು ಇಲ್ಲದ ದಿನ ಹೊಳೆ ಬಂದರೆ ಉಳಿದುಕೊಂಡವರ ಜವಾಬ್ದಾರಿ ಯಾರದು?

ತೆಂಗು, ಬಾಳೆ ಹಾಕಿ ನೋಡಿಕೊಳ್ಳಲು ಊರಿನವರೊಬ್ಬರನ್ನು ಇಡುತ್ತೀರಾ, ಒಂದೆರಡು ಬೆಳೆ ಹೋದರೂ ತಡೆದುಕೊಳ್ಳುತ್ತೀರಾ, ಹಾಗಾದರೆ ಮುಂದುವರಿಯಿರಿ. ಅವರು ಸರ್ವೆ ನಂಬರಿನಲ್ಲಿ ಒಂದು ಭಾಗ ಮಾತ್ರ ಮಾರುತ್ತಿದ್ದರೆ 11ಇ ನಕ್ಷೆ, ಅಂದರೆ ಮಾರುವ ಭಾಗವನ್ನು ಅಳೆದು ಗುರುತಿಸಿದ ಸರ್ವೆ ನಕ್ಷೆ, ಇಲ್ಲದೆ ನೋಂದಣಿ ಆಗುವುದಿಲ್ಲ. ಅದಕ್ಕೆ ಅರ್ಜಿ ಹಾಕಬೇಕಾದವರು ಮಾರುವವರೇ. ಸರ್ವೆಯರ್ ಬಂದು ಅಳೆದು ಕಲ್ಲು ನೆಡುವ ದಿನ ನೀವೂ ಅಲ್ಲಿರಿ, ಪಕ್ಕದ ಹೊಲದವರನ್ನೂ ಕರೆಸಿ. ಮುಂಗಡ ಅದಾದ ಮೇಲೆ.