ಪ್ರಾರ್ಥನೆ ಮಾಡಿದರೂ ಒಳಗೆ ಏನೂ ಆಗುತ್ತಿಲ್ಲ, ನನ್ನ ವಿಶ್ವಾಸ ಹೋಯಿತಾ?

ಪ್ರಶ್ನೆ: ದಿನಾ ರಾತ್ರಿ ಜಪಸರ ಹಿಡಿದು ಕೂರುತ್ತೇನೆ. ಬಾಯಿ ಹೇಳುತ್ತಿರುತ್ತದೆ, ಮನಸ್ಸು ಎಲ್ಲೋ ಇರುತ್ತದೆ. ಮೊದಲು ಇಗರ್ಜಿಯಲ್ಲಿ (ಚರ್ಚಿನಲ್ಲಿ) ಹಾಡು ಶುರುವಾದರೆ ಸಾಕು, ಕಣ್ಣು ತುಂಬುತ್ತಿತ್ತು. ಈಗ ಬಲಿಪೂಜೆ ಮುಗಿಯುವ ತನಕ ಗಡಿಯಾರ ನೋಡುತ್ತೇನೆ. ದೇವರು ಬೇಕು ಅನ್ನಿಸುತ್ತದೆ, ತುಂಬಾ ಬೇಕು ಅನ್ನಿಸುತ್ತದೆ, ಆದರೆ ಕರೆದರೆ ಆ ಕಡೆಯಿಂದ ಸದ್ದೇ ಇಲ್ಲ. ನನ್ನ ವಿಶ್ವಾಸ ಹೋಯಿತಾ?

ಉತ್ತರ: ಮೊದಲೇ ಹೇಳಿಬಿಡುತ್ತೇನೆ, ಹೋಗಿಲ್ಲ. ಹೋಗಿದ್ದರೆ ನೀವು ಕರೆಯುತ್ತಲೇ ಇರಲಿಲ್ಲ. ಬಸ್ಸು ಬರುವುದೇ ಇಲ್ಲ ಅಂತ ಖಾತ್ರಿ ಇರುವ ಸ್ಟಾಪಿನಲ್ಲಿ ಯಾರಾದರೂ ಮಳೆಯಲ್ಲಿ ಕೊಡೆ ಹಿಡಿದು ಕಾಯುತ್ತಾರಾ?

ಈ ಪ್ರಶ್ನೆ ನನಗೆ ಹೊಸದಲ್ಲ. ಅಂಕೋಲೆಯ ಒಬ್ಬ ಕಾಲೇಜು ಹುಡುಗಿ ಕೇಳಿದ್ದಳು. ಮೂವತ್ತು ವರ್ಷ ಹಡಗಿನಲ್ಲಿ ದುಡಿದು ಸದಾಶಿವಗಡಕ್ಕೆ ವಾಪಸ್ ಬಂದ ಅಂಕಲ್ ಒಬ್ಬರು ಕೇಳಿದ್ದರು. ಸಿರಸಿಯ ಟೀಚರ್ ಒಬ್ಬರು ಬೇರೆ ಏನೇನೋ ಮಾತಾಡಿ ಕೊನೆಗೆ, ಹೊರಡುವ ಹೊತ್ತಿಗೆ, ಚಪ್ಪಲಿ ಹಾಕಿಕೊಳ್ಳುತ್ತಾ ಕೇಳಿದ್ದರು. ಎಲ್ಲರೂ ದನಿ ತಗ್ಗಿಸಿಯೇ ಕೇಳುತ್ತಾರೆ, ಏನೋ ಕದ್ದು ಸಿಕ್ಕಿಬಿದ್ದವರ ಹಾಗೆ.

ನಾನೂ ಹಾಗೇ ಕೇಳಿದವನು. ಅಮ್ಮ ತೀರಿಹೋದ ವರ್ಷ ನನಗೆ 'ಪರಲೋಕದಲ್ಲಿರುವ ನಮ್ಮ ತಂದೆಯೇ' ಅನ್ನುವುದಕ್ಕೂ ಆಗುತ್ತಿರಲಿಲ್ಲ, ಎರಡನೇ ಸಾಲಿಗೆ ಬರುವಷ್ಟರಲ್ಲಿ ಗಂಟಲು ಒಣಗುತ್ತಿತ್ತು. ಒಂದು ಪ್ರಾರ್ಥನಾ ಕೂಟದಲ್ಲಿ ಹಿರಿಯರೊಬ್ಬರ ಹತ್ತಿರ ಹೇಳಿಕೊಂಡೆ. 'ನಿನ್ನ ವಿಶ್ವಾಸ ಕಡಿಮೆ ಆಗಿದೆ, ಅದಕ್ಕೇ' ಅಂದರು. ಕೆಟ್ಟವರಲ್ಲ ಅವರು. ಆದರೆ ಆ ಒಂದು ಮಾತು ಹೊತ್ತುಕೊಂಡು ಕಾಳಿ ನದಿಯ ಸೇತುವೆ ದಾಟಿ ಮನೆಗೆ ಬಂದವನು ಎಷ್ಟೋ ತಿಂಗಳು ಇಗರ್ಜಿಯ ಕೊನೇ ಬೆಂಚಿನಲ್ಲಿ ಕೂತಿದ್ದೆ. ಅದರಿಂದ ಹೊರಗೆ ತಂದದ್ದು ನಮ್ಮ ಪಕ್ಕದ ಮನೆಯ ಮಾವ್ಶಿ. ಮೀನು ಹೆಚ್ಚುತ್ತಾ ಕೂತಿದ್ದವರು ತಲೆ ಎತ್ತದೆ, 'ದೇವರ ಮೇಲೆ ಸಿಟ್ಟು ಬಂದಿದ್ದರೆ ದೇವರಿಗೇ ಹೇಳು ಬಾಳಾ, ಊರಿಗೆಲ್ಲ ಹೇಳಿಕೊಂಡು ಬಂದರೆ ಅವನಿಗೆ ಹೇಗೆ ಗೊತ್ತಾಗಬೇಕು?' ಅಂದರು.

ನಗು ಬಂತು. ಆಮೇಲೆ ಬೈಬಲ್ ತೆಗೆದು ನೋಡಿದರೆ ಅಲ್ಲಿ ತುಂಬಾ ಜನ ಅದನ್ನೇ ಮಾಡಿದ್ದಾರೆ.

ಬೈಬಲಿನಲ್ಲಿ ಕೀರ್ತನೆಗಳು ಅನ್ನುವ ಪ್ರಾರ್ಥನೆಯ ಹಾಡುಗಳು ಒಟ್ಟು 150 ಇವೆ. ಕೀರ್ತನೆ ಅಂದ ಕೂಡಲೇ ನಮಗೆ ಸ್ತುತಿ, ತಾಳ, ಚಪ್ಪಾಳೆ ನೆನಪಾಗುತ್ತದೆ, ಆದರೆ ಎಣಿಸಿದರೆ ಅದರಲ್ಲಿ ಅತಿ ದೊಡ್ಡ ಗುಂಪು ಅಳಲಿನದ್ದು. 13ನೇ ಕೀರ್ತನೆ ಶುರುವಾಗುವುದೇ 'ಎಷ್ಟರ ತನಕ?' ಅನ್ನುವ ಪ್ರಶ್ನೆಯಿಂದ, ಎರಡೇ ವಚನದಲ್ಲಿ ನಾಲ್ಕು ಸಲ ಅದೇ ಪ್ರಶ್ನೆ. 88ನೆಯದ್ದು ಇನ್ನೂ ಗಟ್ಟಿ. ಅಳಲಿನ ಬೇರೆ ಹೆಚ್ಚಿನ ಕೀರ್ತನೆಗಳು ಕೊನೆಗೆ ಹೇಗಾದರೂ ಮಾಡಿ ಬೆಳಕಿನ ಕಡೆ ತಿರುಗುತ್ತವೆ, ಇದು ತಿರುಗುವುದಿಲ್ಲ, ಕತ್ತಲೆ ಅನ್ನುವ ಮಾತಿನಲ್ಲೇ ಮುಗಿದುಹೋಗುತ್ತದೆ. ಅದನ್ನು ಬರೆದವನಿಗೆ ವಿಶ್ವಾಸ ಕಡಿಮೆ ಅಂತ ಯಾರೂ ಆ ಹಾಳೆ ಹರಿದು ಹಾಕಲಿಲ್ಲ. ಸಾವಿರಾರು ವರ್ಷಗಳಿಂದ ಯೆಹೂದ್ಯರೂ ಕ್ರೈಸ್ತರೂ ಅದನ್ನು ದೇವರ ಮುಂದೆ ಪ್ರಾರ್ಥನೆ ಅಂತಲೇ ಓದುತ್ತಿದ್ದಾರೆ.

ನಿಮ್ಮ ಪ್ರಶ್ನೆಗೆ ತೀರಾ ಹತ್ತಿರದ್ದು 42ನೆಯದು. ಜಿಂಕೆ ನೀರಿನ ತೊರೆಗೆ ಹಂಬಲಿಸುವ ಹಾಗೆ ನನ್ನ ಪ್ರಾಣ ನಿನಗಾಗಿ ಹಂಬಲಿಸುತ್ತದೆ ಅನ್ನುವ ಮಾತು ಇರುವುದು ಅಲ್ಲೇ. ಕ್ಯಾಲೆಂಡರಿನಲ್ಲಿ ಹಸಿರು ಕಾಡು, ಮುದ್ದಾದ ಜಿಂಕೆ ಬರೆದು ಈ ವಚನ ಹಾಕಿರುತ್ತಾರೆ, ಅದನ್ನು ನೋಡಿ ನೋಡಿ ನಮಗೆ ಇದು ಚಂದದ ಮಾತು ಅಂತಷ್ಟೇ ಆಗಿಬಿಟ್ಟಿದೆ. ಆದರೆ ಬಾಯಾರಿದ ಪ್ರಾಣಿ ಚಂದ ಇರುವುದಿಲ್ಲ. ಏಪ್ರಿಲ್ ಕೊನೆಯಲ್ಲಿ ಬಾವಿ ಬತ್ತಿದಾಗ ನಾಲಿಗೆ ಹೊರಗೆ ಹಾಕಿ ಅಲೆಯುವ ನಾಯಿಯನ್ನು ನೋಡಿದ್ದೀರಲ್ಲ, ಹಾಗೆ. ಈ ಕವಿ ಇರುವುದು ಯೆರೂಸಲೇಮಿನಿಂದ ದೂರ, ಉತ್ತರದಲ್ಲಿ, ಹೆರ್ಮೋನ್ ಬೆಟ್ಟದ ಸೀಮೆಯಲ್ಲಿ. ಮೊದಲು ಜನರ ಜೊತೆ ಹಾಡುತ್ತಾ ದೇವಾಲಯಕ್ಕೆ ಹಬ್ಬಕ್ಕೆ ಹೋಗುತ್ತಿದ್ದೆನಲ್ಲ ಅಂತ ನೆನೆಸಿಕೊಂಡು ಕರಗುತ್ತಾನೆ. ಕಣ್ಣೀರೇ ನನಗೆ ಹಗಲೂ ರಾತ್ರಿ ಊಟ ಆಗಿದೆ ಅನ್ನುತ್ತಾನೆ. ದುಬೈಯಲ್ಲಿ ಕೂತು ಊರಿನ ಫೆಸ್ತಿನ (ಇಗರ್ಜಿ ಹಬ್ಬದ) ವಿಡಿಯೊ ನೋಡಿ ಮುಖ ತಿರುಗಿಸಿಕೊಳ್ಳುವ ನಮ್ಮ ಹುಡುಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅದೇ ಕೀರ್ತನೆಯಲ್ಲಿ ಜಲಪಾತದ ಅಬ್ಬರ, ಮೈಮೇಲೆ ಬರುವ ಅಲೆಗಳ ಮಾತೂ ಇದೆ. (ಜುಲೈಯಲ್ಲಿ ಸಿರಸಿಯ ಕಡೆಯಿಂದ ಉಂಚಳ್ಳಿ ಜಲಪಾತಕ್ಕೆ ಹೋದವರಿಗೆ ಗೊತ್ತು, ಪಕ್ಕದವನು ಕಿವಿಯಲ್ಲಿ ಕೂಗಿದರೂ ಕೇಳುವುದಿಲ್ಲ. ಕೇಳುವುದಿಲ್ಲ ಅಂದರೆ ಅವನು ಪಕ್ಕದಲ್ಲಿಲ್ಲ ಅಂತಲ್ಲ.)

ಕೀರ್ತನೆಯ ಮಧ್ಯೆ ಆ ಕವಿ ತನ್ನ ಮನಸ್ಸನ್ನೇ ಕೇಳುತ್ತಾನೆ, ಯಾಕೆ ಹೀಗೆ ಕುಗ್ಗಿದ್ದೀಯಾ, ದೇವರಿಗಾಗಿ ಕಾದಿರು ಅಂತ. ಒಂದು ಸಲ ಹೇಳಿದರೆ ಮನಸ್ಸು ಕೇಳುವುದಿಲ್ಲ. 42ರಲ್ಲಿ ಎರಡು ಸಲ, ಮುಂದಿನ 43ರಲ್ಲಿ ಮತ್ತೊಂದು ಸಲ, ಒಟ್ಟು ಮೂರು ಸಲ ಅದೇ ಮಾತು. ಮೂರನೇ ಸಲಕ್ಕೆ ಮನಸ್ಸು ಕೇಳಿತಾ ಇಲ್ವಾ, ಅದನ್ನು ಅವನು ಬರೆಯಲಿಲ್ಲ.

ಐದನೇ ಶತಮಾನದ ಆರಂಭದ ತನಕ ಬದುಕಿದ್ದ, ಉತ್ತರ ಆಫ್ರಿಕದ ಹಿಪ್ಪೊ ಊರಿನ ಬಿಷಪ್ ಸಂತ ಅಗಸ್ಟೀನ್ ಇನ್ನೊಂದು ಕೀರ್ತನೆಯ ಬಗ್ಗೆ ಮಾತಾಡುತ್ತಾ ಹೇಳಿದ ವಿಷಯವೊಂದು ನನಗೆ ತುಂಬಾ ಸಹಾಯ ಮಾಡಿತು. ನಿನ್ನ ಹಂಬಲವೇ ನಿನ್ನ ಪ್ರಾರ್ಥನೆ, ಹಂಬಲ ನಿಲ್ಲದಿದ್ದರೆ ಪ್ರಾರ್ಥನೆಯೂ ನಿಂತಿಲ್ಲ ಅನ್ನುವುದು ಅದರ ಸಾರ. ಈಗ ನಿಮ್ಮ ಪ್ರಶ್ನೆಯನ್ನೇ ಮತ್ತೆ ಓದಿ ನೋಡಿ. 'ತುಂಬಾ ಬೇಕು ಅನ್ನಿಸುತ್ತದೆ' ಅಂತ ನೀವೇ ಬರೆದಿದ್ದೀರಿ. ಜಪಸರ ಹಿಡಿದಾಗ ಆಗುತ್ತಿಲ್ಲ ಅಂದುಕೊಂಡದ್ದು ಆ ಒಂದು ಸಾಲಿನಲ್ಲಿ ಆಗಿಹೋಗಿದೆ.

ಇನ್ನೊಂದು ವಿಷಯ, ಇದನ್ನು ಯಾರೂ ಜಾಸ್ತಿ ಹೇಳುವುದಿಲ್ಲ. ಬೈಬಲಿನಲ್ಲಿ ಮೊದಲ ಅರಸುಗಳ ಪುಸ್ತಕದ 19ನೇ ಅಧ್ಯಾಯ ತೆಗೆಯಿರಿ. ಪ್ರವಾದಿ ಎಲೀಯ ಅದಕ್ಕೆ ಸ್ವಲ್ಪ ಮೊದಲಷ್ಟೇ ಕರ್ಮೆಲ್ ಬೆಟ್ಟದ ಮೇಲೆ ದೊಡ್ಡ ಗೆಲುವು ಕಂಡವನು. ರಾಣಿ ಕೊಲ್ಲಿಸುತ್ತೇನೆ ಅಂದ ಕೂಡಲೇ ಓಡಿ, ಅರಣ್ಯದಲ್ಲಿ ಒಂದು ಗಿಡದ ಕೆಳಗೆ ಬಿದ್ದುಕೊಂಡು, 'ಸಾಕಪ್ಪಾ ಸ್ವಾಮಿ, ನನ್ನ ಜೀವ ತೆಗೆದುಕೋ' ಅನ್ನುತ್ತಾನೆ. ದೇವರು ಏನು ಮಾಡಬಹುದು? ಬೈಯಬಹುದು, ನಿನ್ನೆ ಮೊನ್ನೆಯ ಪವಾಡ ನೆನಪಿಸಬಹುದು, ಒಂದು ಒಳ್ಳೇ ಪ್ರಸಂಗ ಹೇಳಬಹುದು. ಯಾವುದೂ ಇಲ್ಲ. ದೂತ ಬಂದು ಮುಟ್ಟಿ ಎಬ್ಬಿಸುತ್ತಾನೆ, ಎದ್ದು ಊಟ ಮಾಡು ಅನ್ನುತ್ತಾನೆ. ತಲೆಯ ಹತ್ತಿರ ಕೆಂಡದ ಮೇಲೆ ಸುಟ್ಟ ರೊಟ್ಟಿ, ಒಂದು ಮಡಕೆ ನೀರು. ಎಲೀಯ ತಿಂದು ಮತ್ತೆ ಮಲಗುತ್ತಾನೆ. ದೂತ ಎರಡನೇ ಸಲ ಬಂದು ಮತ್ತೆ ಅದೇ, ಎದ್ದು ತಿನ್ನು, ದಾರಿ ದೂರ ಇದೆ. ಮೊದಲು ನಿದ್ದೆ, ರೊಟ್ಟಿ, ನೀರು. ಆಮೇಲೆ ನಲವತ್ತು ದಿನದ ನಡಿಗೆ. ಅದಾದ ಮೇಲೆ ಹೋರೇಬ್ ಬೆಟ್ಟದಲ್ಲಿ ದೇವರ ಮೆಲುದನಿ. ನಾವು ಸೀದಾ ಮೆಲುದನಿಗೆ ಹಾರಲು ನೋಡುತ್ತೇವೆ, ಊಟ ಬಿಟ್ಟು, ರಾತ್ರಿ ಎರಡರ ತನಕ ಮೊಬೈಲ್ ನೋಡಿ, ಬೆಳಿಗ್ಗೆ ದೇವರು ಮಾತಾಡುತ್ತಿಲ್ಲ ಅಂತ ಅಳುತ್ತೇವೆ.

ಅದಕ್ಕೇ ನಿಮ್ಮನ್ನು ನೇರವಾಗಿ ಕೇಳುತ್ತೇನೆ. ನಿದ್ದೆ ಬರುತ್ತಿದೆಯಾ? ಊಟ ಸೇರುತ್ತಿದೆಯಾ? ಪ್ರಾರ್ಥನೆ ಮಾತ್ರ ಅಲ್ಲ, ಹಾಡು, ಸ್ನೇಹಿತರು, ಬಂಗಡೆ ಗಸಿ, ಯಾವುದೂ ಬೇಡ ಅನ್ನಿಸಲು ಶುರುವಾಗಿ ವಾರಗಳೇ ಆಗಿದ್ದರೆ ಅದು ಖಿನ್ನತೆ ಇರಬಹುದು, ಅದಕ್ಕೆ ಡಾಕ್ಟರ ಹತ್ತಿರ ಹೋಗಬೇಕು. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ ಇದೆ, 14416, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಸತ್ತುಹೋಗೋಣ ಅನ್ನುವ ಯೋಚನೆ ಬರುತ್ತಿದ್ದರೆ ಇದನ್ನು ಓದುವುದು ಇಲ್ಲಿಗೇ ಬಿಟ್ಟು ಈಗಲೇ ಫೋನ್ ಮಾಡಿ, ಮನೆಯಲ್ಲಿ ಒಬ್ಬರಿಗಾದರೂ ಹೇಳಿ. ಮಾತ್ರೆ ತೆಗೆದುಕೊಂಡರೆ ವಿಶ್ವಾಸ ಇಲ್ಲ ಅಂತ ಯಾರಾದರೂ ಅಂದರೆ ಎಲೀಯನ ರೊಟ್ಟಿಯ ಕಥೆ ಹೇಳಿ.

ಅದೇ ಅಧ್ಯಾಯದಲ್ಲಿ ಎಲೀಯ ಎರಡು ಸಲ 'ನಾನೊಬ್ಬನೇ ಉಳಿದಿದ್ದೇನೆ' ಅನ್ನುತ್ತಾನೆ. ದೇವರು ಕೊಟ್ಟ ಲೆಕ್ಕ ಬೇರೆ, ಇನ್ನೂ ಏಳು ಸಾವಿರ ಜನ ಇದ್ದಾರೆ ಅಂತ. ನೀವೂ ಒಬ್ಬರೇ ಅಲ್ಲ. ಮದರ್ ತೆರೇಸಾ ಅವರನ್ನು ತೆಗೆದುಕೊಳ್ಳಿ. 1946ರಲ್ಲಿ ಡಾರ್ಜಿಲಿಂಗ್ ರೈಲಿನಲ್ಲಿ ದೇವರ ಕರೆ ಸ್ಪಷ್ಟವಾಗಿ ಕೇಳಿತು ಅಂದವರು ಅವರು. ಬಡವರ ಕೆಲಸ ಶುರು ಮಾಡಿದ ಹೊತ್ತಿಗೇ ಒಳಗೆ ಕತ್ತಲೆ ಕವಿಯಿತು. 1958ರಲ್ಲಿ ಕೆಲವು ವಾರ ಬಿಡುವು ಸಿಕ್ಕಿತು, ಮತ್ತೆ ಅದೇ. 1997ರಲ್ಲಿ ತೀರಿಕೊಂಡರು. ಅವರ ಪತ್ರಗಳು 2007ರಲ್ಲಿ ಹೊರಗೆ ಬಂದಾಗ ಜಗತ್ತಿಗೇ ಆಶ್ಚರ್ಯ, ಇಷ್ಟು ನಗುತ್ತಿದ್ದ ಹೆಂಗಸಿನ ಒಳಗೆ ಹೀಗಿತ್ತಾ ಅಂತ. ಅದನ್ನೆಲ್ಲ ತಿಳಿದುಕೊಂಡೇ ಚರ್ಚು 2016ರಲ್ಲಿ ಅವರನ್ನು ಸಂತರು ಅಂತ ಘೋಷಿಸಿತು. ಇಷ್ಟಕ್ಕೂ ಶಿಲುಬೆಯ ಮೇಲೆ ಯೇಸುವೇ, 'ನನ್ನ ದೇವರೇ, ನನ್ನ ದೇವರೇ, ಯಾಕೆ ನನ್ನ ಕೈಬಿಟ್ಟೆ' ಅಂತ ಕೂಗಿದ್ದಾನೆ. ಅದು 22ನೇ ಕೀರ್ತನೆಯ ಮೊದಲ ಸಾಲು. ಸ್ವಂತ ಮಾತು ಬರದ ಹೊತ್ತಿನಲ್ಲಿ ಚಿಕ್ಕಂದಿನಿಂದ ಬಾಯಿಪಾಠ ಇದ್ದದ್ದು ಬಂತು ಅಂತ ನನಗೆ ಅನ್ನಿಸುತ್ತದೆ. ಅಮ್ಮ ಹೇಳಿಕೊಟ್ಟ ಪ್ರಾರ್ಥನೆಯನ್ನು ಮನಸ್ಸಿಲ್ಲದೆ ಬರೀ ಬಾಯಲ್ಲಿ ಹೇಳುವುದೂ ಸುಮ್ನೆ ಅಲ್ಲ ಅಂತ ನಾನು ನಂಬುವುದು ಅದಕ್ಕೇ.

ಹಾಗಾದರೆ ಈಗ ಏನು ಮಾಡಬೇಕು? ಪ್ರಾರ್ಥನೆ ಚಿಕ್ಕದು ಮಾಡಿ, ಬಿಡಬೇಡಿ. ಜಪಸರದ ಐವತ್ತಮೂರು ಮಣಿ ಆಗದಿದ್ದರೆ ಹತ್ತು ಮಣಿ. ಅದೂ ಆಗದಿದ್ದರೆ 13ನೇ ಕೀರ್ತನೆ ಗಟ್ಟಿಯಾಗಿ ಓದಿ, ಆರೇ ವಚನ, ಚಹಾ ಕುದಿಯುವಷ್ಟರಲ್ಲಿ ಮುಗಿಯುತ್ತದೆ. ಇಗರ್ಜಿಗೆ ಹೋಗಿ, ಹಾಡಲು ಆಗದಿದ್ದರೆ ಸುಮ್ನೆ ನಿಲ್ಲಿ, ಪಕ್ಕದವರು ನಿಮ್ಮ ಪಾಲಿನದ್ದೂ ಹಾಡುತ್ತಾರೆ. ಸಂತ ಇಗ್ನೇಷಿಯಸ್ ಲೊಯೊಲಾ ಒಂದು ನಿಯಮ ಹೇಳಿದ್ದಾರೆ, ಮನಸ್ಸು ಕುಗ್ಗಿ ಒಳಗೆ ಕತ್ತಲೆ ಇರುವಾಗ ಮೊದಲು ಮಾಡಿದ ನಿರ್ಧಾರ ಬದಲಾಯಿಸಬೇಡ ಅಂತ. 'ಇನ್ನು ಮೇಲೆ ಪೂಜೆಗೇ ಹೋಗುವುದಿಲ್ಲ', 'ಕಾಯರ್ ಬಿಟ್ಟುಬಿಡುತ್ತೇನೆ' ಅಂತೆಲ್ಲ ರಾತ್ರಿ ಹನ್ನೊಂದಕ್ಕೆ ಅನ್ನಿಸುತ್ತದಲ್ಲ, ಆವಾಗ ಇದು ಕೆಲಸಕ್ಕೆ ಬರುತ್ತದೆ. ಫಾದರ್ ಹತ್ತಿರ ಮಾತಾಡಿ, ಆದರೆ ನಿಮ್ಮ ಮಾತು ಪೂರ್ತಿ ಕೇಳಿಸಿಕೊಳ್ಳುವವರನ್ನು ನೋಡಿ ಹೋಗಿ. ಮಾತು ಮುಗಿಯುವ ಮೊದಲೇ ಕಾರಣ ಹೇಳುವವರ ಹತ್ತಿರ ಬೇಡ. ನನ್ನ ಅನುಭವ ಆಗಲೇ ಹೇಳಿದೆ.

ಕೊನೆಗೆ ನಮ್ಮ ಕಡೆಯವರಿಗೆ ಅಂತಲೇ ಬರೆದ ಹಾಗಿರುವ ಒಂದು ಅಧ್ಯಾಯ, ಬೈಬಲಿನ ಯೊವಾನ್ನರ ಸುವಾರ್ತೆಯ 21. ಶಿಷ್ಯ ಪೇತ್ರ, ಯೇಸುವನ್ನು ಹಿಡಿದ ರಾತ್ರಿ, ಅವನು ಯಾರೋ ಗೊತ್ತೇ ಇಲ್ಲ ಅಂತ ಮೂರು ಸಲ ಹೇಳಿ ಒಳಗೊಳಗೇ ಮುರಿದುಹೋದವನು. ಯೇಸು ಸಾವಿನಿಂದ ಎದ್ದು ಬಂದ ಮೇಲೂ ಅವನಿಗೆ ಏನು ಮಾಡಬೇಕು ಅಂತ ತೋಚುತ್ತಿಲ್ಲ. 'ನಾನು ಮೀನಿಗೆ ಹೋಗುತ್ತೇನೆ' ಅನ್ನುತ್ತಾನೆ. ಹಳೇ ಕಸುಬು. ಜೊತೆಗಿದ್ದ ಆರು ಶಿಷ್ಯರು ನಾವೂ ಬರುತ್ತೇವೆ ಅನ್ನುತ್ತಾರೆ. ರಾತ್ರಿಯಿಡೀ ಬಲೆ ಬೀಸಿ ಒಂದೂ ಮೀನು ಇಲ್ಲ. ಕಾರವಾರದ ಬೈತಖೋಲ ಬಂದರಿನಲ್ಲಿ ಬೆಳಿಗ್ಗೆ ಬರಿಗೈಯಲ್ಲಿ ಬಂದ ಬೋಟಿನ ತಾಂಡೇಲನ (ಬೋಟು ನಡೆಸುವವನ) ಮುಖ ನೋಡಿದವರಿಗೆ ಈ ರಾತ್ರಿ ಗೊತ್ತು. ಡೀಸೆಲ್ ಖರ್ಚು ಆಗಿದೆ, ಬುಟ್ಟಿ ಖಾಲಿ, ಯಾರೂ ಯಾರ ಜೊತೆಗೂ ಮಾತಾಡುವುದಿಲ್ಲ. ಬೆಳಗಾಗುವಾಗ ದಡದಲ್ಲಿ ಒಬ್ಬ ನಿಂತಿದ್ದಾನೆ, ಯೇಸು, ಆದರೆ ಇವರಿಗೆ ಗುರುತೇ ಸಿಗುವುದಿಲ್ಲ. ಮೀನು ಇದೆಯಾ ಅಂತ ಅವನು ಕೇಳಿದರೆ ಇವರು ಹೇಳುವುದು ಒಂದೇ ಮಾತು, ಇಲ್ಲ. ಅವನು ಹೇಳಿದ ಹಾಗೆ ಬಲಗಡೆ ಬಲೆ ಹಾಕಿದರೆ 153 ದೊಡ್ಡ ಮೀನು, ಎಣಿಸಿ ಬರೆದಿಟ್ಟಿದ್ದಾರೆ, ಮೀನುಗಾರರಲ್ವಾ.

ನನಗೆ ಮೀನಿಗಿಂತ ಇಷ್ಟ ದಡದ ಮೇಲಿನ ಕೆಂಡ. ಇವರು ಬರುವಷ್ಟರಲ್ಲಿ ಅವನು ಬೆಂಕಿ ಮಾಡಿ, ಮೀನು ಸುಡಲು ಇಟ್ಟು, ರೊಟ್ಟಿ ತಂದಿಟ್ಟಿದ್ದಾನೆ. ಎಲೀಯನಿಗೆ ಆದ ಹಾಗೆಯೇ. ಕೆಂಡಕ್ಕೆ ಇಲ್ಲಿರುವ ಗ್ರೀಕ್ ಮಾತು ಅದೇ ಪುಸ್ತಕದಲ್ಲಿ ಇನ್ನೊಂದೇ ಒಂದು ಕಡೆ ಬರುತ್ತದೆ, ಮಹಾಯಾಜಕನ ಅಂಗಳದಲ್ಲಿ ಪೇತ್ರ ಮೈ ಕಾಯಿಸಿಕೊಳ್ಳುತ್ತಾ ಗೊತ್ತಿಲ್ಲ ಅಂದ ಆ ರಾತ್ರಿ. ಅಂದರೆ ಯಾವ ವಾಸನೆ ಮೂಗಿಗೆ ಬಂದರೆ ಪೇತ್ರನಿಗೆ ತಲೆ ತಗ್ಗಬೇಕೋ ಅದೇ ವಾಸನೆಯ ಪಕ್ಕದಲ್ಲಿ ಅವನನ್ನು ಕೂರಿಸಿ, 'ಬನ್ನಿ, ತಿನ್ನಿ' ಅನ್ನುತ್ತಾನೆ. ಯಾಕೆ ಹಾಗೆ ಮಾಡಿದೆ ಅಂತ ಕೇಳುವುದೇ ಇಲ್ಲ. ಊಟ ಆದ ಮೇಲೆ ಕೇಳುವುದು ನನ್ನನ್ನು ಪ್ರೀತಿಸುತ್ತೀಯಾ ಅಂತ, ಅದೂ ಮೂರು ಸಲ. ಪೇತ್ರನಿಗೆ ಮೂರನೇ ಸಲ ಬೇಸರ ಆಗುತ್ತದೆ. 'ನಿನಗೆ ಎಲ್ಲಾ ಗೊತ್ತು' ಅನ್ನುತ್ತಾನೆ. ನಾಳೆ ರಾತ್ರಿ ಜಪಸರ ಹಿಡಿದಾಗ ಬೇರೇನೂ ಬಾರದಿದ್ದರೆ ಆ ಮೂರೇ ಮಾತು ಹೇಳಿ ಮಲಗಿ.

ಅಂದ ಹಾಗೆ, ಪೂಜೆಯಲ್ಲಿ ಗಡಿಯಾರ ನೋಡುತ್ತೇನೆ ಅಂದಿರಲ್ಲ. ನಾನೂ ನೋಡುತ್ತೇನೆ. ನಮ್ಮ ಇಗರ್ಜಿಯದ್ದು ಹತ್ತು ನಿಮಿಷ ಹಿಂದೆ ಓಡುತ್ತದೆ, ಎಷ್ಟು ನೋಡಿದರೂ ಪ್ರಯೋಜನ ಇಲ್ಲ.